ಪಕ್ಕದಲ್ಲೊಂದು ಗೊತ್ತಿರುವ ಚುಕ್ಕಿ ಇಡಿ: ಅರಿಶಿನ, ಸೊಪ್ಪು ಮತ್ತು ನನ್ನ ಟಿಎಲ್‌ಸಿ ಪ್ಲೇಟು

ಹೋದ ವರ್ಷ ಜುಲೈನಲ್ಲಿ ನಮ್ಮ ಸೋದರತ್ತೆಗೆ ಫೋನ್ ಮಾಡಿ, "ನೀವು ಕಳಿಸಿದ ಅರಿಶಿನದಲ್ಲಿ ಏನೋ ಸರಿಯಿಲ್ಲ ಅತ್ತೆ" ಅಂದುಬಿಟ್ಟೆ. ಅವರದ್ದು ಚಾಮರಾಜನಗರದ ಕಡೆ ಊರು. ಸ್ವಂತ ಹೊಲದಲ್ಲಿ ಬೆಳೆದು, ಬೇಯಿಸಿ, ಒಣಗಿಸಿ, ಊರಿನ ಗಿರಣಿಯಲ್ಲಿ ಪುಡಿ ಮಾಡಿಸಿ ಬೆಂಗಳೂರಿಗೆ ಬರುವವರ ಕೈಯಲ್ಲಿ ಕಳಿಸುತ್ತಾರೆ. ನನ್ನ ಮಾತು ಕೇಳಿ ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ "ನೋಡಪ್ಪಾ, ನಾನೇ ನಿಂತು ಪುಡಿ ಮಾಡಿಸಿದ್ದು" ಅಂದರು. ತಪ್ಪು ಅರಿಶಿನದ್ದಾಗಿರಲಿಲ್ಲ, ನಾನು ಪ್ಲೇಟು ಓದಿದ ರೀತಿಯದ್ದು. ಅದು ಹೇಗೆ ಆಯಿತು, ಈಗ ನಾನು ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ನಾನು ಜಯನಗರದ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವನು. ಬಿಎಸ್ಸಿ ಮಕ್ಕಳಿಗೆ ಟಿಎಲ್‌ಸಿ ಹೇಳಿಕೊಡುವುದು ನನ್ನ ಪಾಲಿಗೆ ಬರುತ್ತದೆ. ಶನಿವಾರ ಮಧ್ಯಾಹ್ನ ಲ್ಯಾಬು ಖಾಲಿ ಇದ್ದಾಗ ಮನೆಯ ಸೊಪ್ಪು, ಸಾಂಬಾರ ಪದಾರ್ಥ ತಂದು ಓಡಿಸುವುದು ನನಗೆ ತುಂಬಾ ಇಷ್ಟ.

ಟಿಎಲ್‌ಸಿ ಅಂದರೆ ತೆಳುಪದರ ಕ್ರೊಮ್ಯಾಟೋಗ್ರಫಿ. ಅಲ್ಯೂಮಿನಿಯಂ ಹಾಳೆಯ ಮೇಲೆ 0.2 ಮಿಲಿಮೀಟರ್ ದಪ್ಪ ಸಿಲಿಕಾ ಅನ್ನುವ ಬಿಳಿ ಪುಡಿ ಹಚ್ಚಿದ ಪ್ಲೇಟು. ಕೆಳಗಿನಿಂದ 1 ಸೆಂಟಿಮೀಟರ್ ಬಿಟ್ಟು ಸ್ಯಾಂಪಲ್ ಚುಕ್ಕಿ ಇಟ್ಟು, ಮುಚ್ಚಳದ ಬಾಟಲಿಯಲ್ಲಿ ಸ್ವಲ್ಪ ದ್ರಾವಕ ಹಾಕಿ ನಿಲ್ಲಿಸುತ್ತೇವೆ. ದ್ರಾವಕ ಮೇಲಕ್ಕೆ ಹತ್ತುತ್ತದೆ, ಬತ್ತಿಯಲ್ಲಿ ಎಣ್ಣೆ ಹತ್ತಿದ ಹಾಗೆ. ಸಿಲಿಕಾವನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ವಸ್ತು ಕೆಳಗೆ ಉಳಿಯುತ್ತದೆ, ಸಡಿಲವಾಗಿ ಹಿಡಿಯುವುದು ದ್ರಾವಕದ ಜೊತೆ ಮೇಲೆ ಹೋಗುತ್ತದೆ. ಚುಕ್ಕಿ ಹೋದ ದೂರವನ್ನು ದ್ರಾವಕ ಹೋದ ದೂರದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಆರ್‌ಎಫ್ ಅನ್ನುತ್ತಾರೆ. ಆ ಸಂಖ್ಯೆಯನ್ನು ಜಾಸ್ತಿ ನಂಬಿದ್ದೇ ನಾನು ಮಾಡಿದ ತಪ್ಪು.

ಅರಿಶಿನದ ಬಣ್ಣ ಒಂದೇ ವಸ್ತುವಿನದ್ದಲ್ಲ. ಕರ್ಕ್ಯುಮಿನ್, ಡಿಮೆಥಾಕ್ಸಿಕರ್ಕ್ಯುಮಿನ್, ಬಿಸ್‌ಡಿಮೆಥಾಕ್ಸಿಕರ್ಕ್ಯುಮಿನ್ ಅಂತ ಮೂರು ಇವೆ. ಬಾಟಲಿ ಮೇಲೆ ಸುಮ್ನೆ 'ಕರ್ಕ್ಯುಮಿನ್' ಅಂತ ಬರೆದು ಮಾರುವ ಪುಡಿಯಲ್ಲೂ ಸಾಮಾನ್ಯವಾಗಿ ಮೂರೂ ಇರುತ್ತವೆ. ಕ್ಲೋರೋಫಾರ್ಮ್ 95 ಪಾಲು, ಮೆಥನಾಲ್ 5 ಪಾಲು ಸೇರಿಸಿ ಓಡಿಸಿದರೆ ಮೂರು ಹಳದಿ ಚುಕ್ಕಿ ಬೇರೆಬೇರೆ ನಿಲ್ಲುತ್ತವೆ. ಎಲ್ಲಕ್ಕಿಂತ ಮೇಲೆ ಕರ್ಕ್ಯುಮಿನ್, ಕೆಳಗೆ ಬಿಸ್. ಈ ಕ್ರಮಕ್ಕೆ ಕಾರಣ ಇದೆ. ಕರ್ಕ್ಯುಮಿನ್‌ನಲ್ಲಿ ಅಣುವಿನ ಎರಡೂ ಕಡೆ ಹೈಡ್ರಾಕ್ಸಿಲ್ ಅನ್ನುವ ಪರಮಾಣುಗಳ ಗುಂಪು, ಅದರ ಪಕ್ಕದಲ್ಲಿ ಮೆಥಾಕ್ಸಿ ಅನ್ನುವ ಇನ್ನೊಂದು ಗುಂಪು ಕೂತಿರುತ್ತದೆ, ಹೈಡ್ರಾಕ್ಸಿಲ್ ಅದರ ಕೈ ಹಿಡಿದುಕೊಂಡಿರುತ್ತದೆ, ಹಾಗಾಗಿ ಸಿಲಿಕಾವನ್ನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಮೆಥಾಕ್ಸಿ ಒಂದೊಂದೇ ಹೋದ ಹಾಗೆ ಹೈಡ್ರಾಕ್ಸಿಲ್‌ನ ಕೈ ಬಿಡುವಾಗುತ್ತದೆ, ಸಿಲಿಕಾವನ್ನೇ ಹಿಡಿದುಕೊಳ್ಳುತ್ತದೆ, ಚುಕ್ಕಿ ಕೆಳಗಿಳಿಯುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದಕ್ಕಿಂತ ಮಕ್ಕಳ ಕೈಯಲ್ಲೇ ಪ್ಲೇಟು ಮಾಡಿಸಿದರೆ ಬೇಗ ಅರ್ಥವಾಗುತ್ತದೆ. ಒಂದು ಮಾತು: ಕ್ಲೋರೋಫಾರ್ಮ್ ಮನೆಯಲ್ಲಿ ಬಳಸಬೇಡಿ. ನಾನು ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಒಳಗೇ ಮಾಡುತ್ತೇನೆ, ಉಳಿದ ದ್ರಾವಕವನ್ನು ಸಿಂಕಿಗೆ ಸುರಿಯುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಮೂರು ಚುಕ್ಕಿಗಳ ಆರ್‌ಎಫ್ ಹಿಂದಿನ ಬೇಸಿಗೆಯಲ್ಲಿ ಬರೆದಿಟ್ಟಿದ್ದೆ: 0.75, 0.55, 0.27. ಜುಲೈನ ಆ ಶನಿವಾರ ಬೆಳಗಿನಿಂದ ಮಳೆ ಹಿಡಿದಿತ್ತು. ಪ್ಲೇಟಿನ ಡಬ್ಬಿ ಹಿಂದಿನ ದಿನದಿಂದ ಮೇಜಿನ ಮೇಲೆ ತೆರೆದೇ ಇತ್ತು. ಅತ್ತೆಯ ಪುಡಿ ಒಂದನ್ನೇ ಓಡಿಸಿದೆ. ಮೇಲಿನ ಎರಡು ಚುಕ್ಕಿ ಒಂದರ ಮೇಲೊಂದು ಹತ್ತಿ ಉದ್ದದ ಹಳದಿ ಗೆರೆಯಾಗಿದ್ದವು. 0.27ರ ಹತ್ತಿರ ಏನೂ ಇಲ್ಲ. ಶುರುವಿನ ಗೆರೆಯ ಮೇಲೆ ಮಾತ್ರ ಹಳದಿ ಮಿಶ್ರಿತ ಕಂದು ಕಲೆ ಉಳಿದಿತ್ತು. ನೋಟ್‌ಬುಕ್ ತೆಗೆದು ಹೋಲಿಸಿದೆ. ಒಂದು ಚುಕ್ಕಿ ಕಾಣೆ, ಬುಡದಲ್ಲಿ ಓಡದ ಬಣ್ಣ. ಹೊರಗಿನಿಂದ ಬಣ್ಣ ಸೇರಿದೆ ಅಂತ ತೀರ್ಮಾನಿಸಿ ಫೋನ್ ಮಾಡಿದ್ದು ಆಗಲೇ.

ಸೋಮವಾರ ಮತ್ತೆ ಮಾಡಿದೆ. ಈ ಸಲ ಪ್ಲೇಟನ್ನು ಓವನ್ನಿನಲ್ಲಿ 110 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಡೆಸಿಕೇಟರಿನಲ್ಲಿ, ಅಂದರೆ ತೇವ ಸೇರದ ಮುಚ್ಚಿದ ಪಾತ್ರೆಯಲ್ಲಿ, ತಣ್ಣಗಾಗಿಸಿದೆ. ಸಿಲಿಕಾ ಗಾಳಿಯ ತೇವ ಹೀರುತ್ತದೆ, ತೇವ ಹೀರಿದ ಸಿಲಿಕಾಗೆ ಹಿಡಿತ ಕಡಿಮೆ, ಎಲ್ಲವನ್ನೂ ಮೇಲಕ್ಕೆ ಬಿಟ್ಟುಬಿಡುತ್ತದೆ. ಮಕ್ಕಳಿಗೆ ಪ್ರತಿ ವರ್ಷ ಹೇಳುವ ಪಾಠ ಇದು. ಆಮೇಲೆ ಕೆ.ಆರ್. ಮಾರ್ಕೆಟ್ಟಿನಲ್ಲಿ ತಂದಿದ್ದ ಅರಿಶಿನ ಕೊಂಬು ತೆಗೆದುಕೊಂಡೆ. ಕೊಂಬಿಗೂ ಮೇಲೆ ಬಣ್ಣ ಹಚ್ಚಿರಬಹುದು, ಅದಕ್ಕೆ ಸಿಪ್ಪೆ ಪೂರ್ತಿ ಹೆರೆದು, ಒಳಗಿನದನ್ನಷ್ಟೇ ಕುಟ್ಟಿ ಅಸಿಟೋನಿನಲ್ಲಿ ನೆನೆಸಿದೆ. ಒಂದೇ ಪ್ಲೇಟಿನಲ್ಲಿ ಎಡಕ್ಕೆ ಕೊಂಬು, ಬಲಕ್ಕೆ ಅತ್ತೆಯ ಪುಡಿ, ಮಧ್ಯದಲ್ಲಿ ಎರಡನ್ನೂ ಒಂದೇ ಜಾಗದಲ್ಲಿ ಇಟ್ಟ ಚುಕ್ಕಿ. ಓಡಿ ಮುಗಿದಾಗ ಮೂರು ಸಾಲೂ ಒಂದೇ. ಬುಡದ ಕಂದು ಕಲೆ ಕೊಂಬಿನಲ್ಲೂ ಇತ್ತು. ಅದು ಅರಿಶಿನದ್ದೇ.

ಅವತ್ತು ಸಂಜೆಯೇ ಅತ್ತೆಗೆ ಫೋನ್ ಮಾಡಿ ತಪ್ಪಾಯಿತು ಅಂತ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಆದರೆ ನನಗೆ ಇವತ್ತಿಗೂ ಆ ಮಾತು ನೆನಪಾದರೆ ಕಷ್ಟವಾಗುತ್ತದೆ.

ಅಂದಿನಿಂದ ಆರ್‌ಎಫ್ ಬರೆದಿಡುವುದನ್ನು ಬಿಟ್ಟಿಲ್ಲ, ಆದರೆ ಅದನ್ನು ನೋಡಿ ತೀರ್ಪು ಕೊಡುವುದನ್ನು ಬಿಟ್ಟಿದ್ದೇನೆ. ಆ ಸಂಖ್ಯೆ ಆ ದಿನದ್ದು, ಆ ಪ್ಲೇಟಿನದ್ದು, ಆ ಬಾಟಲಿಯದ್ದು. ಬೇರೆ ದಿನದ ಪ್ಲೇಟಿಗೆ ಅದು ಹೊಂದಬೇಕು ಅಂತಿಲ್ಲ. ಒಂದೇ ಪ್ಲೇಟಿನ ಮೇಲೆ ಪಕ್ಕಪಕ್ಕ ಓಡಿದ ಎರಡು ಚುಕ್ಕಿಗೆ ಮಳೆಯೂ ಒಂದೇ, ಬಿಸಿಲೂ ಒಂದೇ, ಅಲ್ವಾ?

ಇನ್ನು ಚುಕ್ಕಿ ಇಡುವ ಕೆಲಸ. ಎಷ್ಟೋ ಪ್ಲೇಟು ಹಾಳಾಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ಯಾಪಿಲರಿ ಅನ್ನುವ ತೆಳ್ಳನೆಯ ಗಾಜಿನ ಕೊಳವೆಯನ್ನು ಬರ್ನರ್ ಉರಿಯಲ್ಲಿ ಮಧ್ಯಕ್ಕೆ ಹಿಡಿದು, ಮೆತ್ತಗಾದಾಗ ಉರಿಯಿಂದ ಹೊರಗೆ ತೆಗೆದು ಎರಡೂ ಕೈಯಿಂದ ಎಳೆದರೆ ಕೂದಲಿನಷ್ಟು ಸಣ್ಣದಾಗುತ್ತದೆ. ಅದನ್ನು ಮುರಿದು ಅರಿಶಿನದ ಅಸಿಟೋನಿಗೆ ಅದ್ದಿದರೆ ತಾನೇ ಏರಿಕೊಳ್ಳುತ್ತದೆ. ಪ್ಲೇಟಿಗೆ ಒತ್ತಬಾರದು, ತಾಗಿಸಿ ತಕ್ಷಣ ಎತ್ತಬೇಕು. ಒತ್ತಿದರೆ ಸಿಲಿಕಾ ಕಿತ್ತುಬಂದು ಗುಳಿ ಬೀಳುತ್ತದೆ, ಅಲ್ಲಿ ಚುಕ್ಕಿ ಸೊಟ್ಟಗೆ ಓಡುತ್ತದೆ. ಚುಕ್ಕಿ 2 ಮಿಲಿಮೀಟರ್ ದಾಟಬಾರದು. ಬಣ್ಣ ಸಾಲದು ಅನ್ನಿಸಿದರೆ ಊದಿ ಒಣಗಿಸಿ ಅದೇ ಜಾಗಕ್ಕೆ ಮತ್ತೊಮ್ಮೆ ತಾಗಿಸಿ. ಅವತ್ತು ನನ್ನ ಗೆರೆ ಉದ್ದವಾಗಿದ್ದಕ್ಕೆ ತೇವ ಒಂದೇ ಕಾರಣ ಅಲ್ಲ, ಸ್ಯಾಂಪಲ್ಲೂ ಜಾಸ್ತಿ ಹಾಕಿದ್ದೆ. ಗೆರೆ ಎಳೆಯಲು ಪೆನ್ಸಿಲ್ಲೇ ಬೇಕು, ಪೆನ್ನಿನ ಶಾಯಿ ದ್ರಾವಕದ ಜೊತೆ ಓಡಲು ಶುರು ಮಾಡುತ್ತದೆ. ಬಾಟಲಿಯೊಳಗೆ ದ್ರಾವಕ ಚುಕ್ಕಿಗಿಂತ ಕೆಳಗಿರಬೇಕು, ಅರ್ಧ ಸೆಂಟಿಮೀಟರ್ ಸಾಕು. ಒಳಗೋಡೆಗೆ ಫಿಲ್ಟರ್ ಪೇಪರ್ ಹಚ್ಚಿ, ಮುಚ್ಚಳ ಹಾಕಿ ಹತ್ತು ನಿಮಿಷ ಬಿಡಿ, ಆಮೇಲೆ ಪ್ಲೇಟು ಇಳಿಸಿ. ನಾನು ಹಳೆಯ ಹಾರ್ಲಿಕ್ಸ್ ಬಾಟಲಿ ಬಳಸುತ್ತೇನೆ, ಚೆನ್ನಾಗಿಯೇ ಆಗುತ್ತದೆ.

ಕಲಬೆರಕೆ ವಿಷಯಕ್ಕೆ ಬಂದರೆ, ಅರಿಶಿನಕ್ಕೆ ಸೇರಿಸುವ ಬಣ್ಣಗಳಲ್ಲಿ ಮೆಟಾನಿಲ್ ಯೆಲ್ಲೋ ಒಂದು. ಆಹಾರದಲ್ಲಿ ಅದಕ್ಕೆ ಅನುಮತಿ ಇಲ್ಲ. ಪುಡಿಗೆ ಆಸಿಡ್ ಹಾಕಿ ಕೆಂಪಾಯಿತು ನೋಡಿ ಅಂತ ತೋರಿಸುವ ಪರೀಕ್ಷೆ ನನಗೆ ಸಮಾಧಾನ ಕೊಡುವುದಿಲ್ಲ, ಯಾಕಂದರೆ ಆಸಿಡ್ ಗಟ್ಟಿಯಾಗಿದ್ದರೆ ಕರ್ಕ್ಯುಮಿನ್ನೂ ಕೆಂಪಗಾಗುತ್ತದೆ. ಪ್ಲೇಟಿನಲ್ಲಿ ಆ ಗೊಂದಲ ಇಲ್ಲ. ಮೆಟಾನಿಲ್ ಯೆಲ್ಲೋ ಉಪ್ಪಿನ ರೂಪದ ಬಣ್ಣ, ಕ್ಲೋರೋಫಾರ್ಮಿನ ಜೊತೆ ಹೋಗದೆ ಬುಡದಲ್ಲೇ ಕೂರುತ್ತದೆ, ಅರಿಶಿನದ ಮೂರೂ ಮೇಲೆ ಹೋಗಿರುತ್ತವೆ. ಒಣಗಿದ ಪ್ಲೇಟಿನ ಬುಡಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್ ಕ್ಯಾಪಿಲರಿಯಿಂದ ಒಂದು ಸಲ ತಾಗಿಸುತ್ತೇನೆ. ಹಳದಿ ಚುಕ್ಕಿ ನೋಡನೋಡುತ್ತಿದ್ದಂತೆ ದಾಸವಾಳದ ಬಣ್ಣಕ್ಕೆ ತಿರುಗಿದರೆ ಅನುಮಾನ ಗಟ್ಟಿ. ಇದಕ್ಕೂ ಪಕ್ಕದ ಚುಕ್ಕಿ ಬೇಕು. ಲ್ಯಾಬಿನ ಮೆಟಾನಿಲ್ ಯೆಲ್ಲೋ ಒಂದು ಕಡೆ, ಕೊಂಬು ಇನ್ನೊಂದು ಕಡೆ. ಅತ್ತೆಯ ಪುಡಿ ಕಂದು ಬಣ್ಣದಲ್ಲೇ ಉಳಿಯಿತು. ಒಂದು ಅಂಗಡಿಯಿಂದ ತಂದ ಬಿಡಿ ಪುಡಿ ಎರಡು ಸಲವೂ ಕೆಂಪಾಯಿತು. ನಿಮಗೂ ಹೀಗಾದರೆ ನಿಮ್ಮ ಪ್ಲೇಟು ತೋರಿಸಿ ಜಗಳಕ್ಕೆ ಹೋಗಬೇಡಿ, ಮಾನ್ಯತೆ ಇರುವ ಆಹಾರ ಪರೀಕ್ಷೆಯ ಲ್ಯಾಬಿಗೆ ಕೊಡಿ. ಇನ್ನೊಂದು, ಸೀಸದ ಕ್ರೋಮೇಟ್ ಅನ್ನುವ ಹಳದಿ ಅಸಿಟೋನಿನಲ್ಲಿ ಕರಗುವುದೇ ಇಲ್ಲ, ಪ್ಲೇಟಿಗೆ ಬರುವುದೂ ಇಲ್ಲ. ಟಿಎಲ್‌ಸಿ ಸರಿ ಇದೆ ಅಂದ ಮಾತ್ರಕ್ಕೆ ಸೀಸ ಇಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ.

ಹೊಸದಾಗಿ ಶುರು ಮಾಡುವವರು ಸೊಪ್ಪಿನಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಕ್ರೊಮ್ಯಾಟೋಗ್ರಫಿ ಹುಟ್ಟಿದ್ದೂ ಅಲ್ಲೇ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1903ರಲ್ಲಿ ವಾರ್ಸಾದಲ್ಲಿ ಈ ವಿಧಾನದ ಬಗ್ಗೆ ಮೊದಲು ಮಾತಾಡಿದರು. ಅವರು ಬೇರ್ಪಡಿಸುತ್ತಿದ್ದದ್ದು ಎಲೆಯ ಬಣ್ಣಗಳನ್ನೇ, ಅವರ ಹೆಸರಿನ ಅರ್ಥವೂ ರಷ್ಯನ್ ಭಾಷೆಯಲ್ಲಿ ಬಣ್ಣ ಅಂತ. ಗಾಂಧಿ ಬಜಾರಿನ ಪಾಲಕ್ ಒಂದು ಎಲೆ ಅಸಿಟೋನಿನಲ್ಲಿ ಅರೆದು, ಹೆಕ್ಸೇನ್ 7 ಪಾಲು, ಅಸಿಟೋನ್ 3 ಪಾಲಿನಲ್ಲಿ ಓಡಿಸಿ. ತುದಿಯಲ್ಲಿ ಕ್ಯಾರೋಟೀನ್ ಹಳದಿ, ಕೆಳಗೆ ನೀಲಿ ಹಸಿರು ಕ್ಲೋರೋಫಿಲ್ ಎ, ಅದರ ಕೆಳಗೆ ಎಳೆ ಹಸಿರು ಕ್ಲೋರೋಫಿಲ್ ಬಿ, ಆಮೇಲೆ ಮತ್ತೆ ಹಳದಿಗಳು. ಹರಿವೆ ಸೊಪ್ಪು ಹಾಕಿದರೆ ಅದರ ಕೆಂಪು ಮಾತ್ರ ಕದಲುವುದಿಲ್ಲ, ಅದು ನೀರಿನಲ್ಲಿ ಕರಗುವ ಬಣ್ಣ.

ಮಕ್ಕಳಿಗೆ ತುಂಬಾ ಹಿಡಿಸುವುದು ಹಸಿ ಸೊಪ್ಪು ಮತ್ತು ಹುಣಸೆಹುಳಿ ಹಾಕಿ ಬೇಯಿಸಿದ ಸೊಪ್ಪು ಪಕ್ಕಪಕ್ಕ ಇಟ್ಟ ಪ್ಲೇಟು. ಬೆಂದ ಸೊಪ್ಪಿನ ಸಾಲಿನಲ್ಲಿ ನೀಲಿ ಹಸಿರು ಮಸುಕಾಗಿ, ಕ್ಯಾರೋಟೀನಿನ ಕೆಳಗೆ ಬೂದು ಬಣ್ಣದ ಚುಕ್ಕಿ ಎದ್ದು ಕಾಣುತ್ತದೆ. ಹುಳಿ ಕ್ಲೋರೋಫಿಲ್‌ನ ಮಧ್ಯದ ಮೆಗ್ನೀಸಿಯಂ ಅನ್ನು ಹೊರಗೆ ತಳ್ಳಿದಾಗ ಆಗುವ ಫಿಯೋಫೈಟಿನ್ ಅದು. ಸಾರಿನ ಸೊಪ್ಪು ಯಾಕೆ ಖಾಕಿ ಬಣ್ಣಕ್ಕೆ ತಿರುಗುತ್ತದೆ ಅಂತ ಒಬ್ಬಳು ಹುಡುಗಿ ತಾನಾಗಿಯೇ ಹೇಳಿದಾಗ ನನಗೆ ಆದ ಖುಷಿ ಇಷ್ಟು ಅಂತಿಲ್ಲ.

ಪ್ಲೇಟಿನ ಫೋಟೋ ಅದೇ ದಿನ ತೆಗೆದಿಡಿ, ಬೆಳಕಿಗೆ ಅರಿಶಿನದ ಚುಕ್ಕಿಯೂ ಸೊಪ್ಪಿನ ಹಸಿರೂ ಮಾಸುತ್ತವೆ. ಈ ವರ್ಷ ಅತ್ತೆಯ ಪೊಟ್ಟಣದಲ್ಲಿ ಪುಡಿಯ ಜೊತೆ ಕಾಗದದಲ್ಲಿ ಸುತ್ತಿದ ಎರಡು ಕೊಂಬೂ ಇದ್ದವು. "ನಿನ್ನ ಚುಕ್ಕಿಗೆ" ಅಂತ ಫೋನಿನಲ್ಲಿ ಹೇಳಿದರು. ಆ ಕೊಂಬುಗಳು ಈಗ ಲ್ಯಾಬಿನ ಕಪಾಟಿನಲ್ಲಿ, ಊರಿನ ಹೆಸರು ಬರೆದ ಬಾಟಲಿಯಲ್ಲಿವೆ.