ಜೊಲ್ಲಿನ ಯೀಸ್ಟ್ ಲೆಕ್ಕ: ಬಾಯಿಯ ಬಿಳಿ ಮಚ್ಚೆ, ಫೈಬ್ರೋಸಿಸ್ ಇರುವವರಲ್ಲಿ ನಾವು ಅನುಸರಿಸುವ ಕ್ರಮ

ಲ್ಯೂಕೋಪ್ಲೇಕಿಯಾ (ಬಿಳಿ ಮಚ್ಚೆ), ಎರಿತ್ರೋಪ್ಲೇಕಿಯಾ (ಕೆಂಪು ಮಚ್ಚೆ), ಲೈಕೆನ್ ಪ್ಲೇನಸ್ (ಬಿಳಿ ಗೆರೆಗಳ ಬಲೆ), ಸಬ್‌ಮ್ಯೂಕಸ್ ಫೈಬ್ರೋಸಿಸ್ (ಬಾಯಿಯ ಒಳಪದರ ನಾರುಗಟ್ಟಿ ಬಿಗಿಯುವುದು) ಇವೆಲ್ಲ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಕಾಯಿಲೆಗಳು. ಇಂಥವರ ಬಾಯಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ (ಒಂದು ಬಗೆಯ ಫಂಗಸ್) ಎಷ್ಟಿದೆ ಎಂದು ನೋಡಲು ನಾವು ಜೊಲ್ಲನ್ನೇ ಪ್ಲೇಟಿನ ಮೇಲೆ ಹರಡಿ ಕಲ್ಚರ್ ಮಾಡುತ್ತೇವೆ. ಮಿಲಿಲೀಟರಿಗೆ ಇಷ್ಟು ಕಾಲೊನಿ (ಪ್ಲೇಟಿನ ಮೇಲೆ ಬೆಳೆದ ಯೀಸ್ಟ್ ಚುಕ್ಕೆ) ಎಂದು ರಿಪೋರ್ಟ್ ಬರೆಯುವುದು ಸುಲಭ. ಆದರೆ ಆ ಬಾಯಲ್ಲಿ ನಿಮಿಷಕ್ಕೆ ಎಷ್ಟು ಜೊಲ್ಲು ಬರುತ್ತದೆ ಎಂಬುದನ್ನು ಪಕ್ಕದಲ್ಲಿ ಬರೆಯದಿದ್ದರೆ ಆ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಬ್ಬರಲ್ಲಿ ಮಿಲಿಗೆ 600 ಕಾಲೊನಿ, ಜೊಲ್ಲು ನಿಮಿಷಕ್ಕೆ 0.15 ಮಿಲಿ. ಇನ್ನೊಬ್ಬರಲ್ಲಿ ಮಿಲಿಗೆ 200, ಜೊಲ್ಲು 0.45 ಮಿಲಿ. ಗುಣಿಸಿ ನೋಡಿದರೆ ಇಬ್ಬರ ಬಾಯಿಂದಲೂ ನಿಮಿಷಕ್ಕೆ ಹೊರಬರುವ ಯೀಸ್ಟ್ 90. ಮೊದಲನೆಯವರಲ್ಲಿ ಹೆಚ್ಚು ಕಂಡದ್ದು ಜೊಲ್ಲು ಕಡಿಮೆ ಇದ್ದುದರಿಂದ.

ಹಾಗಾಗಿ ಹೆಚ್ಚಿನ ಎಚ್ಚರವೆಲ್ಲ ಜೊಲ್ಲು ಹಿಡಿಯುವ ಹಂತದಲ್ಲೇ ಬೇಕು. ಬೆಳಗ್ಗೆ 9ರಿಂದ 11ರೊಳಗೆ ಕರೆಸುತ್ತೇವೆ, ಏಕೆಂದರೆ ಜೊಲ್ಲಿನ ಹರಿವು ದಿನದ ಹೊತ್ತಿನೊಂದಿಗೆ ಏರಿಳಿಯುತ್ತದೆ. ಅದಕ್ಕೂ ಎರಡು ಗಂಟೆ ಮೊದಲಿನಿಂದ ತಿನ್ನುವುದು, ಹಲ್ಲುಜ್ಜುವುದು, ಸಿಗರೇಟು, ತಂಬಾಕು, ಅಡಿಕೆ ಯಾವುದೂ ಇಲ್ಲ. ನೀರು ಮಾತ್ರ ಪರವಾಗಿಲ್ಲ. ಅಡಿಕೆಯ ವಿಷಯವನ್ನು ಎರಡು ಸಲ ಕೇಳಬೇಕು. ಕೆನ್ನೆಯಲ್ಲಿ ಅಡಿಕೆ ಒತ್ತಿಟ್ಟುಕೊಂಡೇ ಬಂದವರ ಜೊಲ್ಲು ಅಗಿತದಿಂದ ಉಕ್ಕಿದ ಜೊಲ್ಲು, ವಿಶ್ರಾಂತಿಯಲ್ಲಿ ಬರುವಂಥದ್ದಲ್ಲ. ಒಂದು ತಿಂಗಳೊಳಗೆ ಆ್ಯಂಟಿಬಯೋಟಿಕ್, ಫಂಗಸ್ ಔಷಧಿ, ಬಾಯಿಗೆ ಹಚ್ಚುವ ಸ್ಟೀರಾಯ್ಡ್ ಅಥವಾ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಳಸಿದ್ದರೆ ಅದನ್ನೂ, ಅಲರ್ಜಿ ಮಾತ್ರೆ, ಖಿನ್ನತೆಯ ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಫಾರ್ಮಿನಲ್ಲಿ ಬರೆದುಕೊಳ್ಳುತ್ತೇವೆ. ಈ ಮೂರು ಬಗೆಯ ಮಾತ್ರೆಗಳೂ ಬಾಯಿ ಒಣಗಿಸುತ್ತವೆ.

ರೋಗಿ ನೆಟ್ಟಗೆ ಕುಳಿತು ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಒಮ್ಮೆ ಪೂರ್ತಿ ನುಂಗಿದ ಮೇಲೆ ಗಡಿಯಾರ ಶುರು. ಆಮೇಲೆ ನುಂಗುವಂತಿಲ್ಲ, ನಾಲಗೆ ಆಡಿಸುವಂತಿಲ್ಲ, ಮಾತೂ ಇಲ್ಲ. ಕೆಳತುಟಿಯ ಹಿಂದೆ ತುಂಬಿದ್ದನ್ನು ನಿಮಿಷಕ್ಕೊಮ್ಮೆ ಮೊದಲೇ ತೂಗಿಟ್ಟ 50 ಮಿಲಿಯ ಸ್ಟೆರೈಲ್ ಟ್ಯೂಬಿಗೆ ಬಿಡಬೇಕು. ಐದು ನಿಮಿಷ ಸಾಕು. ಆ ಐದು ನಿಮಿಷದಲ್ಲಿ ಅರ್ಧ ಮಿಲಿಯೂ ಆಗದಿದ್ದರೆ ನಿಲ್ಲಿಸದೆ 15 ನಿಮಿಷದವರೆಗೆ ಮುಂದುವರಿಸುತ್ತೇವೆ. ನಿಮಿಷಕ್ಕೆ 0.1 ಮಿಲಿಗಿಂತ ಕಡಿಮೆ ಎಂದರೆ ಒಣಬಾಯಿ. ಆರೋಗ್ಯವಂತರಲ್ಲಿ ವಿಶ್ರಾಂತಿಯ ಹರಿವು ಸುಮಾರು 0.3ರಿಂದ 0.4 ಮಿಲಿ. ಟ್ಯೂಬಿನ ಗೆರೆ ನೋಡಿ ಅಳೆಯಬೇಡಿ, ನೊರೆ ಮೋಸ ಮಾಡುತ್ತದೆ. ಮತ್ತೆ ತೂಗಿ, ಹೆಚ್ಚಾದ ಪ್ರತಿ ಗ್ರಾಮನ್ನು ಒಂದು ಮಿಲಿ ಎಂದು ಹಿಡಿಯಿರಿ. ಪಿಎಚ್ ಬೇಕಿದ್ದರೆ ಅಲ್ಲೇ, ಆಗಲೇ ನೋಡಬೇಕು. ತೆರೆದಿಟ್ಟ ಜೊಲ್ಲಿನಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ಮೇಲೇರುತ್ತದೆ.

ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರುವವರಲ್ಲಿ ಈ ವಿಧಾನ ಕೈಕೊಡುವುದುಂಟು. ಬಾಯಿ ಎರಡು ಬೆರಳಷ್ಟೂ ತೆರೆಯದು, ನಾಲಗೆ ಮುಂದಕ್ಕೆ ಚಾಚದು, ತುಟಿ ಬಿಗಿದಿರುತ್ತದೆ. ಜೊಲ್ಲು ಮುಂದಕ್ಕೆ ಬರದೆ ಹಿಂದಕ್ಕೆ ಸರಿದು ಗಂಟಲಿಗಿಳಿಯುತ್ತದೆ. ಗ್ರಂಥಿಗಳು ಚೆನ್ನಾಗಿದ್ದರೂ ಟ್ಯೂಬಿನಲ್ಲಿ ಕಡಿಮೆ ಕಾಣುತ್ತದೆ. ಟ್ಯೂಬಿನ ಮೇಲೆ ಅಗಲ ಬಾಯಿಯ ಸ್ಟೆರೈಲ್ ಫನಲ್ ಇಟ್ಟು, ತಲೆಯನ್ನು ಇನ್ನಷ್ಟು ಬಗ್ಗಿಸಿ, ಉಗುಳಿಸುವ ಬದಲು ತಾನಾಗಿ ತೊಟ್ಟಿಕ್ಕಲು ಬಿಟ್ಟರೆ ಪರಿಸ್ಥಿತಿ ಸುಧಾರಿಸುತ್ತದೆ. ಮೇಣ ಅಗಿಸಿ ಜೊಲ್ಲು ಬರಿಸುವ ವಿಧಾನ ಇವರಿಗೆ ಸಲ್ಲದು: ಅಗಿಯಲು ಕಷ್ಟ, ಜೊತೆಗೆ ಹೆಚ್ಚಿದ ಜೊಲ್ಲು ಯೀಸ್ಟನ್ನು ತೆಳುವಾಗಿಸುತ್ತದೆ. ಬಾಯಿ ತೀರಾ ಒಣಗಿದ್ದರೆ 10 ಮಿಲಿ ಸ್ಟೆರೈಲ್ ಫಾಸ್ಫೇಟ್ ಬಫರ್ ಸಲೈನ್ ಕೊಟ್ಟು 60 ಸೆಕೆಂಡು ಮುಕ್ಕಳಿಸಿ, ಅದನ್ನು ಸೆಂಟ್ರಿಫ್ಯೂಜ್ ಮಾಡಿ, ತಳದ ಗಸಿಯನ್ನು 1 ಮಿಲಿಯಲ್ಲಿ ಕಲಕಿ ಬಳಸುತ್ತೇವೆ. ಇದು ಇಡೀ ಬಾಯಿ ತೊಳೆದ ನೀರು. ಇದರ ಅಂಕಿಯನ್ನು ಜೊಲ್ಲಿನ ಅಂಕಿಯ ಪಕ್ಕ ಇಟ್ಟು ಹೋಲಿಸಲೇಬಾರದು.

ಸ್ಯಾಂಪಲ್ ಐಸ್ ಮೇಲೆ ಇರಬೇಕು, ಎರಡು ಗಂಟೆಯೊಳಗೆ ಪ್ಲೇಟಿಗೆ ಹೋಗಬೇಕು. ಯೀಸ್ಟ್ ಬೆಳೆಸುವ ಮೀಡಿಯ ಸಬುರೋ ಡೆಕ್ಸ್‌ಟ್ರೋಸ್ ಅಗಾರ್: ಗ್ಲೂಕೋಸ್ ಶೇ. 4, ಪೆಪ್ಟೋನ್ ಶೇ. 1, ಪಿಎಚ್ 5.6. ಬ್ಯಾಕ್ಟೀರಿಯ ತಡೆಯಲು ಲೀಟರಿಗೆ 50 ಮಿಲಿಗ್ರಾಂ ಕ್ಲೋರಾಂಫೆನಿಕಾಲ್ ಸೇರಿಸುತ್ತೇವೆ. ಎಳೆಎಳೆಯಾದ ಜೊಲ್ಲು ಪಿಪೆಟ್ಟಿನಲ್ಲಿ ಸರಿಯಾಗಿ ಏರುವುದಿಲ್ಲ. 100 ಮೈಕ್ರೋಲೀಟರ್ ಎಂದುಕೊಂಡದ್ದು 60 ಕೂಡ ಇರದಿರಬಹುದು. ಅದಕ್ಕೇ ಸಮಪಾಲು ಸಲೈನ್ ಸೇರಿಸಿ 30 ಸೆಕೆಂಡು ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಕಲಕಿ, ಅದರಿಂದ 100 ಮೈಕ್ರೋಲೀಟರನ್ನು ಒಂದು ಪ್ಲೇಟಿನ ಮೇಲೆ, ಅದನ್ನೇ ಹತ್ತು ಪಟ್ಟು ತೆಳುಮಾಡಿ ಇನ್ನೊಂದರ ಮೇಲೆ ಹರಡುತ್ತೇವೆ. 37 ಡಿಗ್ರಿಯಲ್ಲಿ 48 ಗಂಟೆ. ಏನೂ ಬೆಳೆಯದಿದ್ದರೆ 72 ಗಂಟೆ ಆಗುವವರೆಗೆ ನೆಗೆಟಿವ್ ಎನ್ನುವುದಿಲ್ಲ. ಕೆನೆಬಣ್ಣದ, ನುಣುಪಾದ ಕಾಲೊನಿಗಳು. ಮುಚ್ಚಳ ತೆಗೆದರೆ ಹುಳಿ ಬಂದ ಹಿಟ್ಟಿನ ವಾಸನೆ. ಮೊದಲ ಪ್ಲೇಟಿನಲ್ಲಿ 48 ಇದ್ದರೆ, ಮಿಲಿಗೆ ಮಾಡಲು ಹತ್ತರಿಂದ, ಸಲೈನ್ ಬೆರೆಸಿದ್ದಕ್ಕೆ ಎರಡರಿಂದ ಗುಣಿಸಿ: 960. ಆ ಎರಡನ್ನು ಮರೆಯುವವರೇ ಹೆಚ್ಚು.

ಬೆಳೆದದ್ದು ಕ್ಯಾಂಡಿಡಾದ ಆಲ್ಬಿಕನ್ಸ್ ಜಾತಿ ಹೌದೋ ಅಲ್ಲವೋ ಎಂದು ತಿಳಿಯಲು ಜರ್ಮ್ ಟ್ಯೂಬ್ ಪರೀಕ್ಷೆ, ಅಂದರೆ ಕೋಶ ಮೊಳಕೆ ಒಡೆಯುವುದೇ ಎಂದು ನೋಡುವುದು. ಅರ್ಧ ಮಿಲಿ ಸೀರಮ್‌ಗೆ ಕಾಲೊನಿಯನ್ನು ಸೋಕಿಸಿದಷ್ಟೇ ಹಾಕಿ 37 ಡಿಗ್ರಿಯಲ್ಲಿ ಎರಡೂವರೆ ಗಂಟೆ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಮೊಳಕೆ ಕೋಶದಿಂದ ಹೊರಡುವ ಬುಡದಲ್ಲಿ ಸೊಂಟದಂತೆ ಸಣ್ಣದಾಗಿರಬಾರದು. ಯೀಸ್ಟ್ ಜಾಸ್ತಿ ಹಾಕಿದರೆ ಮೊಳಕೆಯೇ ಬರುವುದಿಲ್ಲ. ಮೂರು ಗಂಟೆ ದಾಟಿಸಿದರೆ ಇನ್ನೊಂದು ಜಾತಿಯಾದ ಟ್ರಾಪಿಕಾಲಿಸ್‌ನ ಹುಸಿ ಎಳೆಗಳು ಮೊಳಕೆಯ ವೇಷ ಹಾಕುತ್ತವೆ. ಡಬ್ಲಿನಿಯೆನ್ಸಿಸ್ ಜಾತಿ ಕೂಡ ಪಾಸಿಟಿವ್ ಬರುತ್ತದೆ. ಒಂದೇ ಬಾಯಲ್ಲಿ ಎರಡು ಜಾತಿ ಇರುವುದು ಅಪರೂಪವೇನಲ್ಲ, ಸಬುರೋ ಅಗಾರಿನ ಮೇಲೆ ಅದು ಗೊತ್ತಾಗುವುದಿಲ್ಲ. ಕ್ರೋಮ್‌ಅಗಾರ್ (ಜಾತಿಗೊಂದು ಬಣ್ಣ ತೋರಿಸುವ ಮೀಡಿಯ) ಮೇಲೆ ಆಲ್ಬಿಕನ್ಸ್ ಹಸಿರು, ಟ್ರಾಪಿಕಾಲಿಸ್ ಉಕ್ಕಿನ ನೀಲಿ, ಕ್ರುಸೈ ಒರಟಾದ ಗುಲಾಬಿ. ಇದು ಚಿಕಿತ್ಸೆಗೂ ಬೇಕು, ಏಕೆಂದರೆ ಕ್ರುಸೈಗೆ ಫಂಗಸ್ ಔಷಧಿ ಫ್ಲುಕೊನಜೋಲ್ ನಾಟುವುದಿಲ್ಲ.

ಅಂಕಿ ಬಂದ ಮೇಲೆ ಏನು ಹೇಳಬಹುದು? ಆರೋಗ್ಯವಂತರ ಬಾಯಲ್ಲೂ ಕ್ಯಾಂಡಿಡಾ ಇರುತ್ತದೆ. ಮಿಲಿಗೆ 400 ದಾಟಿದರೆ ಸೋಂಕಿನ ಅನುಮಾನ ಎಂಬ ಅಂದಾಜು ಬಳಕೆಯಲ್ಲಿದೆ, ಒಣಬಾಯಿಯಲ್ಲಿ ಅದನ್ನು ಕಣ್ಣುಮುಚ್ಚಿ ಅನ್ವಯಿಸಬಾರದು. ಜೊಲ್ಲಿನಲ್ಲಿ ಯೀಸ್ಟ್ ತುಂಬಿದ್ದು ಮಚ್ಚೆಯೊಳಗೆ ಇಲ್ಲದಿರಬಹುದು, ಇದರ ತಿರುಗುಮುರುಗೂ ಆಗಬಹುದು. ಒಳಗೆ ನುಗ್ಗಿದೆಯೇ ಎಂದು ಹೇಳುವುದು ಬಯಾಪ್ಸಿ, ಅದೂ ಫಂಗಸ್ ಎದ್ದು ಕಾಣಿಸುವ ಪಿಎಎಸ್ ಬಣ್ಣ ಹಾಕಿದ ಸ್ಲೈಡ್. ಮಾಮೂಲಿ ಬಣ್ಣದಲ್ಲಿ ಮೇಲಿನ ಕೆರಟಿನ್ ಪದರದಲ್ಲಿನ ಫಂಗಸ್ ಎಳೆಗಳು ತಪ್ಪಿಹೋಗುತ್ತವೆ. ಬಾಯಿಯ ಮೂಲೆಯಲ್ಲಿ ಕೆಂಪು-ಬಿಳಿ ಬೆರೆತ ಮಚ್ಚೆಯಿದ್ದರೆ ಎಳೆ ಸಿಗುವ ಸಂಭವ ಹೆಚ್ಚು, ಡಿಸ್‌ಪ್ಲೇಸಿಯಾ (ಕ್ಯಾನ್ಸರಿಗೆ ಮುನ್ನ ಕೋಶಗಳಲ್ಲಿ ಕಾಣುವ ಬದಲಾವಣೆ) ಸಿಗುವ ಸಂಭವವೂ ಹೆಚ್ಚು. ಯೀಸ್ಟ್ ಮದ್ಯದಿಂದ ಕ್ಯಾನ್ಸರ್ ತರಬಲ್ಲ ಅಸೆಟಾಲ್ಡಿಹೈಡ್ ತಯಾರಿಸಬಲ್ಲದು ನಿಜ. ಆದರೂ ಅದು ಮಚ್ಚೆಯನ್ನು ಕೆಡಿಸಿತೋ, ಕೆಟ್ಟ ಮಚ್ಚೆಯಲ್ಲಿ ಬಂದು ನೆಲೆಸಿತೋ ಎಂಬುದನ್ನು ಜೊಲ್ಲಿನ ಲೆಕ್ಕ ತೀರ್ಮಾನಿಸದು. ಮಚ್ಚೆ ಗಟ್ಟಿಯಾಗಿದ್ದರೆ, ಹುಣ್ಣಾಗಿದ್ದರೆ ಕಲ್ಚರಿಗೆ ಕಾಯದೆ ಬಯಾಪ್ಸಿ ಮಾಡಬೇಕು. ಅಂಥ ಅನುಮಾನ ಇಲ್ಲದಿದ್ದರೆ ಮಾತ್ರ ಮೊದಲು ಎರಡು ವಾರ ಫಂಗಸ್ ಚಿಕಿತ್ಸೆ. ಏಕೆಂದರೆ ಯೀಸ್ಟಿನ ಉರಿಯೂತವೇ ಕೋಶಗಳನ್ನು ಡಿಸ್‌ಪ್ಲೇಸಿಯಾದಂತೆ ತೋರಿಸಬಲ್ಲದು.

ಈ ಚಿಕಿತ್ಸೆಗೆ ಬಾಯಲ್ಲಿಟ್ಟು ಕರಗಿಸುವ 10 ಮಿಲಿಗ್ರಾಂ ಕ್ಲೋಟ್ರಿಮಜೋಲ್ ಮಾತ್ರೆಯನ್ನು ದಿನಕ್ಕೆ ಐದು ಸಲ ಕೊಡುವುದು ರೂಢಿ. ಒಣಬಾಯಿಯಲ್ಲಿ ಅದು ಕರಗದೆ ಉಳಿಯುತ್ತದೆ, ಅಂಥವರಿಗೆ ನಿಸ್ಟಾಟಿನ್ ದ್ರವ ವಾಸಿ. ನಿಸ್ಟಾಟಿನ್ ಜೊತೆಗೇ ಕ್ಲೋರ್‌ಹೆಕ್ಸಿಡಿನ್ ಬಳಸಿದರೆ ಎರಡೂ ಕೆಲಸ ಕೆಡಿಸಿಕೊಳ್ಳುತ್ತವೆ, ನಡುವೆ ಕನಿಷ್ಠ ಅರ್ಧ ಗಂಟೆ ಬಿಡಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೈಕೊನಜೋಲ್ ಜೆಲ್ ಬೇಡ, ರಕ್ತಸ್ರಾವ ಆದೀತು. ಮರುಕಲ್ಚರನ್ನು ಔಷಧಿ ಮುಗಿದ ದಿನವೇ ತೆಗೆದರೆ ಜೊಲ್ಲಿನಲ್ಲಿ ಉಳಿದ ಔಷಧಿ ಪ್ಲೇಟಿನಲ್ಲೂ ಬೆಳವಣಿಗೆ ತಡೆಯುತ್ತದೆ. ಒಂದೆರಡು ವಾರ ಬಿಟ್ಟು, ಮೊದಲ ಸಲದ ಹೊತ್ತಿಗೇ, ಅದೇ ವಿಧಾನದಲ್ಲಿ, ಹರಿವನ್ನೂ ಮತ್ತೆ ಅಳೆದು ತೆಗೆಯುತ್ತೇವೆ.