ದವಾಖಾನೆಯಲ್ಲಿ ಹಿರಿಯರಿಗೆ ಬಾಯಾಗುವ ಬಗೆ

ಅಥಣಿ, ಕಾಗವಾಡ, ರಾಯಬಾಗ ಕಡೆಯ ಮನೆಗಳಲ್ಲಿ ದೊಡ್ಡ ಬೇನೆ ಎಂದರೆ ಮೊದಲು ಬಾಯಿಗೆ ಬರುವ ಊರು ಮಹಾರಾಷ್ಟ್ರದ ಮಿರಜ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು ಅಲ್ಲಿ ದವಾಖಾನೆ ತೆರೆದರು. ಅಂದಿನಿಂದ ನಮ್ಮ ಭಾಗದ ರೋಗಿಗಳು ಆ ದಾರಿ ಹಿಡಿದಿದ್ದಾರೆ. 1956ರಲ್ಲಿ ನಡುವೆ ರಾಜ್ಯದ ಗಡಿ ಬಂದಿತು, ಆದರೂ ಕಾಗವಾಡ ದಾಟಿ ಮ್ಹೈಸಾಳದ ಮೇಲೆ ಹೋಗುವ ಬಸ್ಸಿನಲ್ಲಿ ಇಂದಿಗೂ ಎಕ್ಸ್‌ರೇ ಚೀಲ ಹಿಡಿದವರು ಇದ್ದೇ ಇರುತ್ತಾರೆ.

ಒಳಹಳ್ಳಿಯ ಹಿರಿಯರಿಗೆ ಬರುವುದು ಕನ್ನಡ ಒಂದೇ. ಅಲ್ಲಿಯ ವೈದ್ಯರು ಕೇಳುವುದು ಮರಾಠಿಯಲ್ಲಿ, ಬರೆಯುವುದು ಇಂಗ್ಲಿಷಿನಲ್ಲಿ. ನಡುವೆ ನಿಲ್ಲುವವರು ಮೊಮ್ಮಗ, ಸೊಸೆ, ಪಕ್ಕದ ಮನೆಯವರು. ನನ್ನ ತವರು ಗಡಿಯಾಚೆ ಮಹಾರಾಷ್ಟ್ರದ ಜತ್ ತಾಲ್ಲೂಕು, ಕೊಟ್ಟ ಮನೆ ಅಥಣಿ. ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದಾಗಲೂ ನಿವೃತ್ತಿಯ ನಂತರವೂ ಓಣಿಯವರ ಜೊತೆ ಹೀಗೆ ಹೋಗುತ್ತಾ ಇಪ್ಪತ್ತು ವರ್ಷವಾಗಿದೆ. ಎರಡು ಭಾಷೆ ಬಂದರೆ ಸಾಕು ಎಂದುಕೊಂಡು ಆರಂಭಿಸಿದ್ದೆ, ಸಾಲಲಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವ ಮಕ್ಕಳು ಅದೇ ತಪ್ಪುಗಳನ್ನು ಮತ್ತೆ ಮಾಡಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಕೆಲಸ ಆರಂಭವಾಗುವುದು ವೈದ್ಯರ ಕೋಣೆಯ ಹೊರಗೆ, ಬೆಂಚಿನ ಮೇಲೆ. ಸರದಿ ಬರುವ ಮೊದಲೇ ಹಿರಿಯರಿಗೆ ಮೂರು ಮಾತು ಹೇಳಿಬಿಡಿ. ನೀವು ಒಳಗೆ ಆಡಿದ್ದನ್ನೆಲ್ಲ ನಾನು ಡಾಕ್ಟರಿಗೆ ಹೇಳುತ್ತೇನೆ. ಅವರು ಆಡಿದ್ದನ್ನೆಲ್ಲ ನಿಮಗೆ ಹೇಳುತ್ತೇನೆ. ಕೇಳಿದ್ದನ್ನು ಊರಲ್ಲಿ ಯಾರಿಗೂ ಹೇಳುವುದಿಲ್ಲ. ಮೊದಲನೆಯ ಮಾತು ಅವರಿಗೆ ಎಚ್ಚರಿಕೆಯೂ ಹೌದು. ಡಾಕ್ಟರಿಗೆ ಕನ್ನಡ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಅವರ ಎದುರೇ ‘ಈತನಿಗೆ ಏನೂ ಬರುವುದಿಲ್ಲ, ಬೇರೆ ಕಡೆ ಹೋಗೋಣ’ ಎಂದು ಅಂದುಬಿಡುವವರಿದ್ದಾರೆ. ಮೂರನೆಯ ಮಾತನ್ನು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಬಸ್ಸಿನಿಂದ ಇಳಿದ ಕೂಡಲೇ ‘ಏನಂದರಂತೆ?’ ಎಂದು ನಾಲ್ಕು ಜನ ಕೇಳುತ್ತಾರೆ. ‘ಅವರನ್ನೇ ಕೇಳಿ’ ಎನ್ನಬೇಕು.

ಒಳಗೆ ಹೋದ ಮೇಲೆ ಕೂರುವ ಜಾಗ ನೋಡಿಕೊಳ್ಳಿ. ವೈದ್ಯರ ಎದುರಿನ ಕುರ್ಚಿ ರೋಗಿಯದು. ನೀವು ಅವರ ಪಕ್ಕದಲ್ಲಿ, ಒಂದು ಗೇಣು ಹಿಂದೆ ಇರಿ. ಮುಂದೆ ಕೂತರೆ ವೈದ್ಯರು ನಿಮ್ಮ ಮುಖ ನೋಡಿ ಮಾತನಾಡುತ್ತಾರೆ, ಹಿರಿಯರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂರುತ್ತಾರೆ. ಹಿಂದೆ ಇದ್ದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಅಜ್ಜ ಎದೆಯ ಮೇಲೆ ಎಲ್ಲಿ ಕೈ ಇಟ್ಟುಕೊಂಡರು, ಯಾವ ಪ್ರಶ್ನೆಗೆ ತಲೆ ತಗ್ಗಿಸಿದರು ಎಂಬುದು ವೈದ್ಯರ ಕಣ್ಣಿಗೆ ನೇರವಾಗಿ ಬೀಳುತ್ತದೆ.

ಇನ್ನು ಮಾತು. ನನ್ನಿಂದಾದ ಅತಿ ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು.

ನಮ್ಮ ಓಣಿಯ ಹಿರಿಯರೊಬ್ಬರಿಗೆ ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ವೈದ್ಯರ ಮುಂದೆ ‘ದಮ್ಮು ಬರುತ್ತದೆ’ ಎಂದರು. ಅಷ್ಟು ಹೇಳಿ ನಿಲ್ಲಿಸಲಿಲ್ಲ. ರಾತ್ರಿ ನಿದ್ದೆ ಇಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತೇನೆ, ಆ ಹೊತ್ತಿಗೆ ತೀರಿಹೋದ ಹೆಂಡತಿಯ ನೆನಪು ಬರುತ್ತದೆ, ಹೊರಗೆ ನಾಯಿ ಬೊಗಳುತ್ತದೆ ಎಂದು ಹೇಳುತ್ತಲೇ ಹೋದರು. ಹೊರಗೆ ಸರದಿ ಉದ್ದವಿತ್ತು, ವೈದ್ಯರು ಪೆನ್ನು ಎತ್ತಿ ನನ್ನತ್ತ ನೋಡಿದರು. ನಾನು ‘ದಮಾ ಆಹೆ’ ಎಂದುಬಿಟ್ಟೆ. ಮರಾಠಿಯಲ್ಲಿ ‘ದಮ್ ಲಾಗತೋ’ ಎಂದರೆ ಏದುಸಿರು, ‘ದಮಾ’ ಎಂದರೆ ಅಸ್ತಮಾ. ನಮ್ಮ ‘ದಮ್ಮು’ ಎರಡಕ್ಕೂ ಸಲ್ಲುತ್ತದೆ. ಕಾಗದದ ಮೇಲೆ ಅಸ್ತಮಾ ಎಂದು ಬಿತ್ತು, ಔಷಧವೂ ಅದಕ್ಕೇ ಬಂದಿತು.

ಎರಡನೆಯ ಭೇಟಿಯಲ್ಲಿ ಬೇರೊಬ್ಬ ಹಿರಿಯ ವೈದ್ಯರು ನೋಡಿದರು. ಪಾದ ಒತ್ತಿ ಬಾವು ನೋಡಿ, ‘ಮಲಗಿದರೆ ಹೆಚ್ಚಾಗುತ್ತದೆಯೇ? ಎದ್ದು ಕೂತರೆ ಕಡಿಮೆಯಾಗುತ್ತದೆಯೇ?’ ಎಂದು ಕೇಳಿದರು. ಆಗ ನನ್ನ ಎದೆ ಧಸಕ್ಕೆಂದಿತು. ಗೋಡೆಗೆ ಒರಗಿ ಕೂರುವ ಮಾತನ್ನು ಆ ಹಿರಿಯರು ಮೊದಲ ದಿನವೇ ಹೇಳಿದ್ದರು, ನಾನು ಅದನ್ನು ಹರಟೆ ಎಂದು ನುಂಗಿದ್ದೆ. ತೊಂದರೆ ಇದ್ದದ್ದು ಹೃದಯದಲ್ಲಿ. ಔಷಧ ಬದಲಾಯಿತು, ಅವರು ಆಮೇಲೆ ಬಹಳ ವರ್ಷ ಬದುಕಿದರು. ಆದರೂ ಆ ಕೆಲವು ವಾರ ಅವರು ಕೂತೇ ಕಳೆದ ರಾತ್ರಿಗಳ ಲೆಕ್ಕ ನನ್ನ ಮೇಲಿದೆ.

ಆದ್ದರಿಂದ ಮೊದಲ ನಿಯಮ: ಮೊಟಕು ಮಾಡಬೇಡಿ. ಹೆಂಡತಿಯ ನೆನಪು, ನಾಯಿಯ ಬೊಗಳು ಎಲ್ಲವನ್ನೂ ದಾಟಿಸಿ. ಯಾವುದು ರೋಗದ ಮಾತು, ಯಾವುದು ಹರಟೆ ಎಂದು ಆರಿಸುವ ವಿದ್ಯೆ ವೈದ್ಯರದು. ಹಿರಿಯರ ಮಾತು ಉದ್ದವಾದರೆ ನಡುವೆ ಮೊಣಕೈ ಮೇಲೆ ಮೆಲ್ಲಗೆ ಕೈ ಇಡಿ, ‘ಇಷ್ಟನ್ನು ಹೇಳಿ ಬರುತ್ತೇನೆ, ಆಮೇಲೆ ಮುಂದುವರಿಸಿ’ ಎನ್ನಿ. ಯಾರೂ ಬೇಸರಪಟ್ಟುಕೊಂಡಿಲ್ಲ.

ಎರಡನೆಯದು, ಮೈಯ ಮಾತುಗಳನ್ನು ಹೆಸರಿಗೆ ಹೆಸರು ಎಂದು ಬದಲಿಸಬೇಡಿ, ಬಿಡಿಸಿ ಹೇಳಿ. ‘ಉರಿ ಬಂದಿದೆ’ ಎಂದರೆ ವಿಜಯಪುರ, ಕಲಬುರಗಿ ಕಡೆಯವರಿಗೆ ಜ್ವರ, ಮೈಸೂರಿನವರಿಗೆ ಚರ್ಮವೋ ಹೊಟ್ಟೆಯೋ ಉರಿಯುವುದು. ಕನ್ನಡದ ವೈದ್ಯರ ಮುಂದೆಯೂ ಅನುವಾದ ಬೇಕಾಗುವ ಜಾಗವಿದು. ‘ಹೊಟ್ಟೆ ತೊಳಸುತ್ತದೆ’ ಎಂದರೆ ಮರಾಠಿಯ ‘ಮಳಮಳ’. ಕಾಲು ಜೋಮು ಹಿಡಿಯುವುದಕ್ಕೆ ಅವರು ‘ಮುಂಗ್ಯಾ’ ಎನ್ನುತ್ತಾರೆ, ಅಂದರೆ ಇರುವೆಗಳು. ‘ಜೀವ ಗಾಬರಿಯಾಗುತ್ತದೆ’ ಎಂಬುದಕ್ಕೆ ನನಗೆ ಒಂದೇ ಪದ ಇಂದಿಗೂ ಸಿಕ್ಕಿಲ್ಲ. ಅದು ಎದೆ ಬಡಿತವಿರಬಹುದು, ಬೆವರಿರಬಹುದು, ಭಯವಿರಬಹುದು. ಅಂಥಲ್ಲಿ ವೈದ್ಯರಿಗೆ ‘ಇದಕ್ಕೆ ನಮ್ಮಲ್ಲಿ ಎರಡು ಮೂರು ಅರ್ಥವಿದೆ, ಕೇಳಿ ಹೇಳುತ್ತೇನೆ’ ಎನ್ನಿ. ಊಹಿಸಿ ಹೇಳುವುದಕ್ಕಿಂತ ಹೀಗೆ ಒಪ್ಪಿಕೊಳ್ಳುವುದು ಎಷ್ಟೋ ಮೇಲು.

ಸಂಬಂಧದ ಹೆಸರುಗಳಲ್ಲೂ ಗುಂಡಿಗಳಿವೆ. ನಮ್ಮ ಕಡೆ ಆಯಿ ಎಂದರೆ ಅಜ್ಜಿ, ಮರಾಠಿಯಲ್ಲಿ ಆಯೀ ಎಂದರೆ ತಾಯಿ. ‘ಮನೆಯಲ್ಲಿ ಇನ್ನು ಯಾರಿಗೆ ಸಕ್ಕರೆ ಬೇನೆ ಇತ್ತು?’ ಎಂದು ಕೇಳಿದಾಗ ‘ಆಯಿಗೆ ಇತ್ತು’ ಎಂದರೆ ವೈದ್ಯರ ಕಾಗದದಲ್ಲಿ ಒಂದು ತಲೆಮಾರೇ ತಪ್ಪುತ್ತದೆ. ‘ಆಜೀ’ ಎಂದು ತಿದ್ದಿ ಹೇಳಿ.

‘ಉಪವಾಸ’ವನ್ನು ಮಾತ್ರ ಬಳಸಲೇಬೇಡಿ. ರಕ್ತ ಪರೀಕ್ಷೆಗೆ ವೈದ್ಯರು ‘ಉಪಾಶೀ ಪೋಟೀ’ ಬರಲು ಹೇಳುತ್ತಾರೆ, ಅಂದರೆ ಖಾಲಿ ಹೊಟ್ಟೆಯಲ್ಲಿ. ನಾನು ಒಬ್ಬ ಅಜ್ಜಿಗೆ ‘ನಾಳೆ ಉಪವಾಸ ಬರಬೇಕು’ ಎಂದೆ. ಆಕೆ ಏಕಾದಶಿಯ ಶ್ರದ್ಧೆಯಿಂದಲೇ ಮಾಡಿದರು: ಬೆಳಗಿನಲ್ಲಿ ಸಾಬೂದಾಣಿ ಖಿಚಡಿ, ಶೇಂಗಾ, ಎರಡು ಬಾಳೆಹಣ್ಣು, ಹಾಲು ಹಾಕಿದ ಚಹಾ. ಅನ್ನ ಮುಟ್ಟಿರಲಿಲ್ಲ. ಆಕೆಯ ಉಪವಾಸ ಸರಿಯಾಗಿಯೇ ಇತ್ತು, ತಪ್ಪಿದ್ದು ನನ್ನ ಪದ. ಈಗ ಹೀಗೆ ಹೇಳುತ್ತೇನೆ: ‘ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಏನೂ ಬಾಯಿಗೆ ಹಾಕಬಾರದು. ಚಹಾ ಬೇಡ, ಎಲೆಯಡಿಕೆ ಬೇಡ, ಮಿಶ್ರಿಯೂ ಬೇಡ.’ ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿಯನ್ನು ಹೆಂಗಸರು ತಾವಾಗಿ ಹೇಳುವುದಿಲ್ಲ, ನಾವೇ ಹೆಸರಿಸಿದರೆ ಸಂಕೋಚ ಕಳೆಯುತ್ತದೆ.

ವೃತ್ತಿಯಿಂದ ದುಭಾಷಿಗಳಾದವರು ರೋಗಿಯ ಮಾತನ್ನು ‘ನನಗೆ ನೋವಿದೆ’ ಎಂದೇ ದಾಟಿಸುತ್ತಾರೆ, ‘ಅವರಿಗೆ ನೋವಿದೆಯಂತೆ’ ಎನ್ನುವುದಿಲ್ಲ. ವೈದ್ಯರ ಕಡೆಗೆ ಹೇಳುವಾಗ ನಾನೂ ಹೀಗೆಯೇ ಮಾಡುತ್ತೇನೆ. ಆ ‘ಅಂತೆ’ಯಲ್ಲಿ ರೋಗಿಯ ಮೇಲೆ ಒಂದು ಎಳೆ ಅನುಮಾನ ಸೇರಿಕೊಳ್ಳುತ್ತದೆ. ಹಿರಿಯರ ಕಡೆಗೆ ಹೇಳುವಾಗ ಮಾತ್ರ ಪದ್ಧತಿ ಬಿಟ್ಟು ‘ಡಾಕ್ಟರು ಹೀಗೆ ಹೇಳುತ್ತಾರೆ’ ಎಂದು ಆರಂಭಿಸುತ್ತೇನೆ. ‘ನಾನು ನಿಮ್ಮ ಹೊಟ್ಟೆ ಕೊಯ್ಯುತ್ತೇನೆ’ ಎಂದು ಓಣಿಯ ಮಗಳ ಬಾಯಲ್ಲಿ ಕೇಳಿದರೆ ಅಜ್ಜಿ ಏನೆಂದುಕೊಳ್ಳಬೇಕು? ಹಾಗೆಯೇ ಎಳೆಯ ವೈದ್ಯರು ಅಕ್ಕರೆಯಿಂದ ‘ಆಜೀ, ತೂ...’ ಎಂದರೆ ಅದನ್ನು ‘ನೀವು’ ಮಾಡಿಯೇ ದಾಟಿಸಿ. ಅವರ ಏಕವಚನದಲ್ಲಿ ಮೊಮ್ಮಗನ ಸಲಿಗೆ ಇದೆ, ಪರಿಚಯವಿಲ್ಲದವರಿಂದ ನಮ್ಮ ಏಕವಚನ ಕೇಳಿದರೆ ಅಜ್ಜಿಗೆ ಅವಮಾನವಾಗುತ್ತದೆ.

ವೈದ್ಯರು ಗದರಿದರೆ? ‘ಇಷ್ಟು ದಿನ ಏನು ಮಲಗಿದ್ದಿರಾ, ಬುದ್ಧಿ ಇಲ್ಲವೇ’ ಎಂಬಂಥ ಮಾತು ದಣಿದ ವೈದ್ಯರ ಬಾಯಿಂದ ಬರುತ್ತದೆ. ಅದನ್ನು ನೀವೇ ನುಂಗಿ ಸಿಹಿ ಮಾಡಿ ಹೇಳಿದರೆ ರೋಗಿಗೆ ಎದುರುತ್ತರ ಕೊಡುವ ಹಕ್ಕು ತಪ್ಪುತ್ತದೆ. ಇದ್ದಂತೆ ಹೇಳಿದರೆ ಹಿರಿಯರು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ನಾನು ವೈದ್ಯರನ್ನೇ ಶಾಂತವಾಗಿ ಕೇಳುತ್ತೇನೆ: ‘ಇದನ್ನು ಹೀಗೆಯೇ ಹೇಳಲೇ, ಸರ್?’ ಬಹುತೇಕ ಎಲ್ಲರೂ ಒಂದು ಕ್ಷಣ ನಿಂತು, ಬೇರೆ ಮಾತು ಹುಡುಕಿದ್ದಾರೆ.

ಈಗ ಎಲ್ಲಕ್ಕಿಂತ ಭಾರವಾದ ವಿಷಯ. ವರದಿ ಬಂದಿದೆ, ಗಡ್ಡೆ ಕೆಟ್ಟದ್ದು. ಮಗ ನಿಮ್ಮನ್ನು ಪಕ್ಕಕ್ಕೆ ಕರೆದು, ‘ಅಪ್ಪನಿಗೆ ಹೇಳಬೇಡಿ ಅಕ್ಕಾ, ಬರೀ ಹುಣ್ಣು ಎನ್ನಿ’ ಎಂದು ಕೈ ಮುಗಿಯುತ್ತಾನೆ. ಅವನ ಪ್ರೀತಿ ಸುಳ್ಳಲ್ಲ. ಆದರೆ ಹುಣ್ಣು ಎಂದು ನಂಬಿದವರು ‘ಹುಣ್ಣಿಗೆ ಆಪರೇಷನ್ ಯಾಕೆ, ಊರಿನ ಔಷಧ ಸಾಕು’ ಎಂದು ಎದ್ದು ಹೋದದ್ದನ್ನು ನಾನು ಕಂಡಿದ್ದೇನೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಾಪ್ತ ವಯಸ್ಸಿನ ಮಗಳ ಬದಲು ತಾಯಿ ಕೊಟ್ಟ ಒಪ್ಪಿಗೆ ಸಲ್ಲುವುದಿಲ್ಲ ಎಂದಿತು. ಬುದ್ಧಿ ಸ್ಥಿಮಿತದಲ್ಲಿರುವ ತಂದೆಯ ಬದಲು ಮಗನೂ ಒಪ್ಪಲಾರ. 2018ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದು ಬಂದಿತು. ಅದರ 17 ಹಕ್ಕುಗಳಲ್ಲಿ ತನ್ನ ರೋಗದ ಮಾಹಿತಿಯನ್ನು ತನಗೆ ತಿಳಿಯುವ ಭಾಷೆಯಲ್ಲಿ ಪಡೆಯುವುದೂ ಸೇರಿದೆ.

ಹಾಗೆಂದು ನಡುವಿನವರು ತಾವಾಗಿ ಬಾಯಿ ಬಿಡುವುದೂ ತಪ್ಪು. ನಾನು ಮಗನಿಗೆ ಹೇಳುವುದು ಇಷ್ಟೇ: ‘ನಾನು ಸುಳ್ಳು ದಾಟಿಸುವುದಿಲ್ಲ. ನಿನ್ನ ಮಾತನ್ನು ಡಾಕ್ಟರಿಗೆ ಮುಟ್ಟಿಸುತ್ತೇನೆ, ಅವರು ನಿರ್ಧರಿಸಲಿ.’ ಒಳ್ಳೆಯ ವೈದ್ಯರು ಆಗ ರೋಗಿಯನ್ನೇ ಕೇಳುತ್ತಾರೆ: ‘ಕಾಯಿಲೆಯ ವಿಷಯ ನಿಮಗೆ ಎಲ್ಲ ಹೇಳಬೇಕೇ, ಅಥವಾ ಮಗನಿಗೆ ಹೇಳಿದರೆ ಸಾಕೇ?’ ಒಬ್ಬ ಅಜ್ಜ ‘ಮಗನಿಗೆ ಹೇಳಿ, ನನಗೆ ಬೇಡ’ ಎಂದರು. ಅದೂ ಅವರದೇ ತೀರ್ಮಾನ, ಯಾರೂ ಅವರಿಂದ ಕಸಿದದ್ದಲ್ಲ. ಇನ್ನೊಬ್ಬರು ತಮ್ಮ ರುಮಾಲು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡು, ‘ಹೇಳಿ, ಹೊಲದ ಹಂಚಿಕೆ ಇನ್ನೂ ಆಗಿಲ್ಲ’ ಎಂದರು.

ಮಕ್ಕಳನ್ನು ನಡುವೆ ನಿಲ್ಲಿಸಬೇಡಿ. ಶಾಲೆಯಲ್ಲಿ ಮರಾಠಿ ಕಲಿತ ಹನ್ನೆರಡರ ಮೊಮ್ಮಗನ ಎದುರು ಅಜ್ಜಿ ತನ್ನ ರಕ್ತಸ್ರಾವದ ಮಾತು ಆಡುವುದಿಲ್ಲ, ‘ಹೊಟ್ಟೆ ನೋವು’ ಎಂದು ಸುಮ್ಮನಾಗುತ್ತಾಳೆ. ಸೊಸೆಯ ಮಾತಿಗೆ ಅತ್ತೆ ನಡುವೆ ಬರುವುದೂ ಬೇಡ. ಅಲ್ಲಿಯ ದಾದಿಯರಲ್ಲಿ ಕನ್ನಡ ಬರುವವರು ಒಬ್ಬರಾದರೂ ಸಿಗುತ್ತಾರೆ, ಕೇಳಿ ನೋಡಿ.

ವೈದ್ಯರು ಹೇಳುತ್ತಿರುವಾಗ ನಮ್ಮ ಹಿರಿಯರು ‘ಹೂಂ, ಹೂಂ’ ಎನ್ನುತ್ತಾರೆ. ಅದು ಒಪ್ಪಿಗೆಯಲ್ಲ, ತಿಳಿಯಿತು ಎಂದೂ ಅಲ್ಲ, ‘ಕೇಳುತ್ತಿದ್ದೇನೆ’ ಎಂಬ ಮರ್ಯಾದೆ ಮಾತ್ರ. ಅದನ್ನೇ ಒಪ್ಪಿಗೆ ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಲು ಬಂದರೆ ತಡೆದು, ಕಾಗದವನ್ನು ಪೂರ್ತಿ ಓದಿ ಹೇಳಿ. ‘ತಿಳಿಯಿತೇ?’ ಎಂದು ಕೇಳಬೇಡಿ, ಹಿರಿಯರು ಇಲ್ಲ ಎನ್ನುವುದಿಲ್ಲ. ‘ಮನೆಗೆ ಹೋದ ಮೇಲೆ ಸೊಸೆ ಡಾಕ್ಟರು ಏನಂದರು ಎಂದು ಕೇಳಿದರೆ ಏನು ಹೇಳುತ್ತೀರಿ?’ ಎಂದು ಕೇಳಿ. ಪರೀಕ್ಷೆ ಮಾಡಿದಂತೆ ಇರುವುದಿಲ್ಲ, ಎಲ್ಲಿ ಎಡವಿದ್ದಾರೆ ಎಂಬುದು ತಾನಾಗಿ ತಿಳಿಯುತ್ತದೆ. ಇದನ್ನು ವೈದ್ಯರ ಎದುರೇ ಕೇಳಬೇಕು, ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು.

ಮಾತ್ರೆಗಳನ್ನು ಕೊಂಡ ಮೇಲೆ ಪ್ರತಿ ಪಟ್ಟಿಯ ಹಿಂದೆ ಪೆನ್ನಿನಿಂದ ಗುರುತು ಹಾಕುತ್ತೇನೆ. ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ, ಊಟದ ನಂತರದ್ದಾದರೆ ಪಕ್ಕದಲ್ಲೊಂದು ರೊಟ್ಟಿಯ ಸುತ್ತು. ಬಸ್ಸು ಕಾಗವಾಡದಲ್ಲಿ ನಿಂತಾಗ ಚೀಲ ಅವರ ಕೈಗೆ ಕೊಟ್ಟು, ಯಾವುದು ಯಾವಾಗ ಎಂದು ಅವರಿಂದಲೇ ಮತ್ತೊಮ್ಮೆ ಹೇಳಿಸಿಕೊಳ್ಳುತ್ತೇನೆ.