ಹಾಲಿನ ಲೆಕ್ಕದಂತೆ ಜ್ವರದ ಲೆಕ್ಕ: ಹತ್ತೊಂಬತ್ತು ತಿಂಗಳ ನನ್ನ ಅನುಭವ

‘ಜ್ವರವನ್ನು ಪುಸ್ತಕದಲ್ಲಿ ಬರೆದಿಟ್ಟರೆ ವಾಸಿಯಾಗುತ್ತದೆಯೇ ಅತ್ತಿಗೆ?’ ಎಂದು ನನ್ನ ನಾದಿನಿ ಕೇಳಿದ್ದಳು. ನಮ್ಮ ಯಜಮಾನರೂ ಕೇಳಿದ್ದರು. ಮೈಸೂರಿನ ಒಬ್ಬ ವೈದ್ಯರಂತೂ ಪುಸ್ತಕವನ್ನು ತೆರೆಯದೆಯೇ ಮೇಜಿನ ಅಂಚಿಗೆ ಸರಿಸಿದ್ದರು. ಈಗ ಅದೇ ಪುಸ್ತಕವನ್ನು ನೋಡಲು ಅಕ್ಕಪಕ್ಕದ ಊರಿನವರು ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಫೈಲು ಹೊತ್ತು ಆಸ್ಪತ್ರೆ ಸುತ್ತಿದವರಿಗಾಗಿ ಇದು. ಸಿಬಿಸಿ, ಇಎಸ್‌ಆರ್, ಥೈರಾಯ್ಡ್ ಎಂಬ ರಕ್ತಪರೀಕ್ಷೆಗಳ ಹೆಸರು ಅವರಿಗೆಲ್ಲ ಬಾಯಿಪಾಠ.

ನಾನು ಮದ್ದೂರು ತಾಲ್ಲೂಕಿನ ಒಂದು ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ಹಾಲು ಪರೀಕ್ಷಕಿ. ಹದಿನಾಲ್ಕು ವರ್ಷದಿಂದ ದಿನಕ್ಕೆ ಎರಡು ಹೊತ್ತು ಲ್ಯಾಕ್ಟೋಮೀಟರ್ ಇಳಿಬಿಟ್ಟು, ಫ್ಯಾಟ್ ನೋಡಿ, ರಿಜಿಸ್ಟರ್ ಬರೆದಿದ್ದೇನೆ. ನನ್ನ ಲೆಕ್ಕದ ಮೇಲೆ ಇದುವರೆಗೆ ಒಂದು ತಕರಾರೂ ಬಂದಿಲ್ಲ. ಮನೆಯಲ್ಲಿ ಎರಡು ಸೀಮೆಹಸು, ಮುಕ್ಕಾಲು ಎಕರೆ ಕಬ್ಬು.

ಕಾಯಿಲೆ ಶುರುವಾದದ್ದು 2022ರ ಆಗಸ್ಟ್‌ನಲ್ಲಿ. ಬೆಳಿಗ್ಗೆ ಏನೂ ಇಲ್ಲ. ಸಂಜೆ ಹಾಲು ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಬೆನ್ನಿನಲ್ಲಿ ಚಳಿ. ರಾತ್ರಿ ಎರಡು ಗಂಟೆಗೆ ರವಿಕೆ ಹಿಂಡಿದರೆ ನೀರು ಬರುವಷ್ಟು ಬೆವರು. ಬಲಗಡೆ ಸೊಂಟ ಹಿಡಿದುಕೊಂಡು ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಹೀಗೆ ಎರಡು ವಾರ, ಮೂರು ವಾರ. ಆಮೇಲೆ ತಾನಾಗಿಯೇ ಎಲ್ಲ ಹೋಗಿ ಹತ್ತು ದಿನ ಚೆನ್ನಾಗಿರುತ್ತಿದ್ದೆ. ಆ ಹತ್ತು ದಿನವೇ ನನ್ನ ಶತ್ರು. ಯಾವ ವೈದ್ಯರ ಹತ್ತಿರ ಹೋದರೂ ಅವರು ಕೊಟ್ಟ ಔಷಧಿಯಿಂದ ವಾಸಿಯಾಯಿತು ಎಂದೇ ತೋರುತ್ತಿತ್ತು.

ಮೊದಲ ವರ್ಷ ಟೈಫಾಯ್ಡ್ ಎಂದೇ ಕಳೆಯಿತು. ಟೈಫಾಯ್ಡ್‌ಗೆ ಮಾಡುವ ವೈಡಾಲ್ ರಕ್ತಪರೀಕ್ಷೆಯಲ್ಲಿ ಒಮ್ಮೆ 1:80, ಇನ್ನೊಮ್ಮೆ 1:160 ಬಂತು (ರಕ್ತವನ್ನು ಎಷ್ಟು ಪಟ್ಟು ತೆಳುಮಾಡಿದರೂ ರೋಗದ ಗುರುತು ಕಾಣುತ್ತದೆ ಎಂಬ ಲೆಕ್ಕ ಅದು). ಮೂರು ಸಲ ಇಂಜೆಕ್ಷನ್ ಕೋರ್ಸ್ ಮಾಡಿಸಿದರು, ಸಲಕ್ಕೆ ನಾಲ್ಕೈದು ಸಾವಿರ. ಒಬ್ಬ ಮನುಷ್ಯನಿಗೆ ಒಂದೇ ವರ್ಷದಲ್ಲಿ ಮೂರು ಸಲ ಟೈಫಾಯ್ಡ್ ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಹೊರಗಿನ ನೀರು ಕುಡಿಯಬೇಡಿ ಎಂದರು. ಆಮೇಲೆ ಐದು ದಿನ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿದೆ. ಸುಮಾರು 38 ಸಾವಿರ ಬಿಲ್ಲು. ಡೆಂಗಿ ಇಲ್ಲ, ಮಲೇರಿಯಾ ಇಲ್ಲ, ಇಲಿಜ್ವರ ಇಲ್ಲ. ಬಿಡುಗಡೆಯ ಚೀಟಿಯಲ್ಲಿ ‘ಕಾರಣ ತಿಳಿಯದ ಜ್ವರ’ ಎಂದು ಬರೆದುಕೊಟ್ಟರು. ಆ ಚೀಟಿಗಾಗಿ ನನ್ನ ಅವಲಕ್ಕಿ ಸರ ಅಡವು ಹೋಯಿತು.

ಮೂಳೆ ವೈದ್ಯರು ಎಂಆರ್‌ಐ ಮಾಡಿಸಿದರು, ಏಳೂವರೆ ಸಾವಿರವೆಂದು ನೆನಪು. ಬಲಗಡೆಯ ಸೊಂಟದ ಕೀಲಿನಲ್ಲಿ ಉರಿಯೂತವಿದೆ ಎಂದು ಬಂತು. ಬೆನ್ನುಮೂಳೆ ಬಿಗಿಯುವ ವಾತ ಇರಬಹುದೆಂದು ಎಚ್‌ಎಲ್‌ಎ ಬಿ-27 ಎಂಬ ರಕ್ತಪರೀಕ್ಷೆ ಮಾಡಿಸಿದರು. ಇಲ್ಲ. ಬೇರೆ ವಾತಗಳನ್ನು ಹುಡುಕುವ ರುಮಟಾಯ್ಡ್, ಎಎನ್‌ಎ ಪರೀಕ್ಷೆಗಳಲ್ಲೂ ಇಲ್ಲ. ಇನ್ನೊಬ್ಬರು, ಇದು ಮೂಳೆಯ ಕ್ಷಯ, ಮಾತ್ರೆ ಶುರುಮಾಡೋಣ ಎಂದರು. ಕಡೆಗೆ ಒಬ್ಬರು, ‘ವಯಸ್ಸು ನಲವತ್ತೈದು ಆಯಿತಲ್ಲಮ್ಮ, ಮುಟ್ಟು ನಿಲ್ಲುವ ಕಾಲಕ್ಕೆ ಹೀಗೆಲ್ಲ ಬೆವರುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎಂದು ನಿದ್ದೆ ಮಾತ್ರೆ ಬರೆದರು. ನಾನು ತುಂಬ ಅತ್ತದ್ದು ಆ ದಿನ. ಜ್ವರ 101 ಇರುವಾಗ ಮನಸ್ಸಿನ ಕಾಯಿಲೆ ಎನಿಸಿಕೊಳ್ಳುವುದಕ್ಕಿಂತ ಸೊಂಟದ ನೋವೇ ವಾಸಿ ಎನಿಸಿತು. 58 ಕೆಜಿ ಇದ್ದವಳು 49ಕ್ಕೆ ಇಳಿದಿದ್ದೆ.

ಒಟ್ಟು ಖರ್ಚು ಒಂದು ಲಕ್ಷ ಎಪ್ಪತ್ತು ಸಾವಿರದ ಹತ್ತಿರ. ಸಂಘಕ್ಕೆ ಹೋಗಲಾಗದ ದಿನಗಳ ಸಂಬಳ ಇದರಲ್ಲಿ ಸೇರಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಾದರೂ ಉಳಿಯಿತು. ಇಲ್ಲದಿದ್ದರೆ ಮೈಸೂರಿಗೆ ಅಷ್ಟು ಸಲ ಹೋಗುವ ಧೈರ್ಯ ನನಗೆ ಬರುತ್ತಿರಲಿಲ್ಲ.

ನಿದ್ದೆ ಮಾತ್ರೆಯ ಚೀಟಿ ತಂದ ಮರುದಿನವೇ ಸಂಘದ ಒಂದು ಹಳೆಯ ರಿಜಿಸ್ಟರ್ ತೆಗೆದುಕೊಂಡು ಗೆರೆ ಹಾಕಿದೆ. ತಾರೀಖು, ಬೆಳಿಗ್ಗೆಯ ಜ್ವರ, ಸಂಜೆಯ ಜ್ವರ, ರಾತ್ರಿಯ ಬೆವರು, ಸೊಂಟ, ನುಂಗಿದ ಮಾತ್ರೆ. ಕೊನೆಯ ಕಾಲಂ ಷರಾ. ಹಾಲಿನ ಲೆಕ್ಕದ ಹಾಗೆಯೇ. ಬೆವರಿಗೆ ಸೊನ್ನೆಯಿಂದ ಮೂರು: ಕುತ್ತಿಗೆ ಒದ್ದೆಯಾದರೆ ಒಂದು, ರವಿಕೆ ಒದ್ದೆಯಾದರೆ ಎರಡು, ಹಾಸಿಗೆಗೂ ಹಿಡಿದರೆ ಮೂರು. ಷರಾದಲ್ಲಿ ಆ ದಿನ ಮನೆ, ಕೊಟ್ಟಿಗೆ, ಗದ್ದೆಯಲ್ಲಿ ನಡೆದದ್ದು ಒಂದೇ ಸಾಲು. ಅದೇ ಮುಖ್ಯ. ಜ್ವರ ಬರೆಯುವವರು ಬಹಳ ಜನ ಇದ್ದಾರೆ, ಷರಾ ಬರೆಯುವವರನ್ನು ನಾನು ಕಂಡಿಲ್ಲ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಮನೆಯಲ್ಲಿದ್ದ ಎರಡು ಡಿಜಿಟಲ್ ಥರ್ಮಾಮೀಟರ್, ಒಂದು ಹಳೆಯ ಪಾದರಸದ್ದು, ಮೂರನ್ನೂ ಒಂದರ ಹಿಂದೆ ಒಂದು ಇಟ್ಟು ನೋಡಿದರೆ ಒಂದು ಡಿಜಿಟಲ್ ಮುಕ್ಕಾಲು ಡಿಗ್ರಿ ಕಡಿಮೆ ತೋರಿಸುತ್ತಿತ್ತು. ಅಷ್ಟು ದಿನ ನನಗೆ ಜ್ವರವೇ ಇಲ್ಲ ಎಂದು ಸಾಧಿಸಿದ್ದು ಅದೇ! ಊರಿನ ವೈದ್ಯರಿಗೆ ಹೇಳಿ ಹತ್ತು ದಿನ ಪ್ಯಾರಾಸಿಟಮಾಲ್ ನಿಲ್ಲಿಸಿದೆ. ಆಗ ಸಂಜೆ ಏರಿ ಬೆಳಗಾಗುವಷ್ಟರಲ್ಲಿ ಇಳಿಯುವ ಜ್ವರ ಸ್ಪಷ್ಟವಾಗಿ ಕಂಡಿತು. ಅತ್ತೆಯವರು ಮುದ್ದೆಗೆ ಬದಲು ಅನ್ನ ತಿಂದು ನೋಡು ಎಂದರು, ಇಪ್ಪತ್ತು ದಿನ ನೋಡಿದೆ, ಏನೂ ಬದಲಾಗಲಿಲ್ಲ. ಕಾಫಿ ಬಿಟ್ಟೆ, ತಲೆನೋವು ಬಂತು, ಮತ್ತೆ ಹಿಡಿದೆ. ಎರಡು ತಿಂಗಳ ಪುಟಗಳನ್ನು ಪಕ್ಕಪಕ್ಕ ಇಟ್ಟಾಗ ಅಲೆಯ ಹಾಗೆ ಏರಿ ಇಳಿಯುವುದು ಕಣ್ಣಿಗೆ ಕಟ್ಟಿತು. ಟೈಫಾಯ್ಡ್ ಹಾಗೆ ವರ್ಷಗಟ್ಟಲೆ ಏರಿ ಇಳಿಯುವುದಿಲ್ಲ ಎಂಬುದು ನನಗೂ ತಿಳಿದಿತ್ತು.

ಒಂದು ರಾತ್ರಿಯ ಷರಾ ಈಗಲೂ ಹಾಗೆಯೇ ಇದೆ: ‘ಬೆವರು 3. ದಿಂಬಿನಲ್ಲಿ ನೆನೆದ ಹುಲ್ಲಿನ ವಾಸನೆ.’ ಮಳೆ ಹಿಡಿದು ಬೂಷ್ಟು ಬಂದ ಮೆದೆಯನ್ನು ಕಿತ್ತಾಗ ಮೂಗಿಗೆ ಬಡಿಯುತ್ತದಲ್ಲ, ಅದೇ ವಾಸನೆ. ಸೀರೆ ಬದಲಿಸಿದೆ, ದಿಂಬಿನ ಚೀಲ ಬದಲಿಸಿದೆ, ವಾಸನೆ ಮೈಯಿಂದಲೇ ಬರುತ್ತಿತ್ತು. ಅದನ್ನು ಬರೆಯುತ್ತ ಕೂತಾಗಲೇ ಕೊಟ್ಟಿಗೆಯ ಕಡೆ ಯೋಚನೆ ಹೊರಳಿತು.

ಕಾಯಿಲೆಯ ಮೊದಲ ದಿನಗಳಿಗೆ ನನ್ನ ಬಳಿ ಷರಾ ಇರಲಿಲ್ಲ. ಆದರೆ ಹಾಲಿನ ಪಾಸ್‌ಪುಸ್ತಕ ಇತ್ತಲ್ಲ! 2022ರ ಬಟವಾಡೆಗಳನ್ನು ತೆಗೆದು ನೋಡಿದೆ. ಅಕ್ಟೋಬರ್‌ಗೆ ಕರು ಹಾಕಬೇಕಾಗಿದ್ದ ದೊಡ್ಡ ಹಸು ಜುಲೈಯಲ್ಲೇ ಕಂದು ಹಾಕಿತ್ತು. ಗರ್ಭಕಟ್ಟಿಸಿದ ಚೀಟಿಯೂ ಸಿಕ್ಕಿತು, ಲೆಕ್ಕ ಹಾಕಿದರೆ ಏಳನೆಯ ತಿಂಗಳು. ಆ ದಿನ ನೆನಪಾಯಿತು. ಮಾಸು ಬಿದ್ದಿರಲಿಲ್ಲ. ರಾತ್ರಿ ಪಶುವೈದ್ಯರು ಸಿಗಲಿಲ್ಲ. ಯಜಮಾನರು ಲಾಟೀನು ಹಿಡಿದಿದ್ದರು, ನಾನು ಮೊಣಕೈವರೆಗೆ ಕೈ ಹಾಕಿ ಎಳೆದಿದ್ದೆ. ಹಿಂದಿನ ದಿನ ತಾನೇ ಕಬ್ಬಿನ ಸೋಗೆ ಸುಲಿದು ಎರಡೂ ಕೈಯಲ್ಲಿ ಗೀರು ಗಾಯ. ಉಪ್ಪು ನೀರಿನಲ್ಲಿ ತೊಳೆದುಕೊಂಡು ಮಲಗಿದೆ. ಮೊದಲ ಚಳಿ ಬಂದದ್ದು ಅದಾದ ಇಪ್ಪತ್ತೈದು ದಿನಕ್ಕೋ ಏನೋ.

ಹಸು ತಿಂಗಳು ತುಂಬದೆ ಕಂದು ಹಾಕುವಂತೆ ಮಾಡುವ ಕಂದುರೋಗದ ಲಸಿಕೆಯ ಸೂಚನೆಯನ್ನು ಸಂಘದ ಹಲಗೆಗೆ ಅಂಟಿಸಿದವಳೇ ನಾನು. ಅದು ದನದ ಕಾಯಿಲೆ ಎಂದಷ್ಟೇ ತಿಳಿದಿದ್ದೆ. ಹತ್ತೊಂಬತ್ತು ತಿಂಗಳಲ್ಲಿ ಹದಿನೇಳು ವೈದ್ಯರನ್ನು ಕಂಡಿದ್ದೆ, ಮನೆಯಲ್ಲಿ ಹಸು ಇದೆಯೇ ಎಂದು ಒಬ್ಬರೂ ಕೇಳಲಿಲ್ಲ. ಇಬ್ಬರು ಕೆಲಸ ಏನೆಂದು ಕೇಳಿದ್ದರು. ‘ಸೊಸೈಟಿಯಲ್ಲಿ ಕೆಲಸ’ ಎಂದಿದ್ದೆ. ಆ ಉತ್ತರಕ್ಕೆ ನಾನು ಎಷ್ಟು ದುಡ್ಡು ತೆತ್ತೆ ಎಂದು ಮೇಲೆ ಬರೆದಿದ್ದೇನೆ.

ಪಶುವೈದ್ಯರಿಗೆ ಪುಸ್ತಕ ತೋರಿಸಿ, ಹಸುವಿನ ಕಂದುರೋಗವೇ ನನಗೂ ಅಂಟಿರಬಹುದೇ ಎಂದು ಕೇಳಿದೆ. ಅವರು ನಿಂತಲ್ಲೇ ಎರಡು ಪುಟ ಓದಿ, ‘ನೀವು ಹೇಳುವುದು ಸರಿ ಇರಬಹುದಮ್ಮ, ನಮ್ಮ ಇಲಾಖೆಯವರಿಗೂ ಇದು ಬರುತ್ತದೆ. ಕಂದುರೋಗದ ರೋಗಾಣುವಿನ ಹೆಸರು ಬ್ರುಸೆಲ್ಲಾ, ಅದರ ಪರೀಕ್ಷೆ ಮಾಡಿಸಿ’ ಎಂದರು. ಆ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು ಮೈಸೂರಿನಲ್ಲಿ ಒಬ್ಬ ಹಿರಿಯ ಫಿಸಿಶಿಯನ್ ಬಳಿಗೆ ಹೋದೆ. ಈ ಸಲ ಪುಸ್ತಕ ಒಯ್ಯಲಿಲ್ಲ. ಎಲ್ಲವನ್ನೂ ಒಂದೇ ಹಾಳೆಗೆ ಇಳಿಸಿದೆ: ಮೇಲೆ ಅಲೆ, ಕೆಳಗೆ ಹಸುವಿನ ತಾರೀಖು, ಕೊನೆಯಲ್ಲಿ ಇಲ್ಲ ಎಂದು ಬಂದ ಪರೀಕ್ಷೆಗಳ ಪಟ್ಟಿ. ವೈದ್ಯರು ಆ ಹಾಳೆಯನ್ನು ಪೂರ್ತಿ ಓದುವಂತೆ ಮಾಡಲು ನನ್ನದೊಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ; ಎಲ್ಲರೂ ಮಾಡಿದರೆ ನಡೆಯುವುದಿಲ್ಲ. ಕಳೆದುಹೋದ ಹಳೆಯ ವರದಿಗಳನ್ನು ಲ್ಯಾಬಿನಿಂದ ದುಡ್ಡಿಲ್ಲದೆ ತೆಗೆಸಿದ ಬಗೆಯನ್ನೂ ಮನೆಗೆ ಬಂದವರಿಗೆ ಮಾತ್ರ ಹೇಳುತ್ತೇನೆ.

ಬ್ರುಸೆಲ್ಲಾಗೆ ಮಾಡುವ ರಕ್ತಪರೀಕ್ಷೆಗಳು ರೋಸ್ ಬೆಂಗಾಲ್ ಮತ್ತು ಟ್ಯೂಬ್ ಅಗ್ಲುಟಿನೇಷನ್, ಎರಡೂ ಸೇರಿ ಒಂಬೈನೂರು ರೂಪಾಯಿಯ ಆಸುಪಾಸು. 2024ರ ಮಾರ್ಚ್‌ನಲ್ಲಿ ವರದಿ ಬಂತು, 1:640. ಕಂದುರೋಗವೇ. ವೈದ್ಯರು ಹಾಳೆಯನ್ನು ಇನ್ನೊಮ್ಮೆ ನೋಡಿ, ‘ಇದನ್ನು ಬರೆದವರು ಯಾರಮ್ಮ?’ ಎಂದು ಕೇಳಿದರು. ನಾನೇ ಎಂದೆ. ನಮ್ಮ ಯಜಮಾನರು ಪಕ್ಕದಲ್ಲೇ ಕೂತಿದ್ದರು.

ಕೀಲಿಗೆ ಇಳಿದಿದ್ದರಿಂದ ಆರು ವಾರ ಸಾಲದೆಂದು ಮೂರು ತಿಂಗಳ ಚಿಕಿತ್ಸೆ ಕೊಟ್ಟರು: ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, ಮೊದಲ ಮೂರು ವಾರ ದಿನಕ್ಕೊಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್. ಹೆಸರು ಬರೆದೆನೆಂದು ಅಂಗಡಿಯಲ್ಲಿ ಕೊಂಡು ನುಂಗಬೇಡಿ. ಇಂಜೆಕ್ಷನ್ ಕಿವಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡಬಹುದು, ಪ್ರಮಾಣ ವೈದ್ಯರೇ ನಿರ್ಧರಿಸಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿ ಗಾಬರಿಯಾಯಿತು, ಅದು ರಿಫಾಂಪಿಸಿನ್‌ನ ಗುಣವಂತೆ. ಡಾಕ್ಸಿಯನ್ನು ಹಾಲಿನ ಜೊತೆ ನುಂಗಬಾರದು. ಹಾಲಿನವಳಿಗೆ ಆ ಪಥ್ಯವೇ ಕಷ್ಟವಾಯಿತು. ಬಿಸಿಲಿನಲ್ಲಿ ಮುಖ ಉರಿಯುತ್ತಿತ್ತು. ಮೂರನೆಯ ವಾರದ ಒಂದು ರಾತ್ರಿ ಬೆವರು ಸೊನ್ನೆ. ನಿಜವೇ ಎಂದು ನೋಡಲು ಎರಡು ಸಲ ಎದ್ದೆ. ಔಷಧಿಗೆ ಒಟ್ಟು ಆರೇಳು ಸಾವಿರ ಆಗಿರಬಹುದು.

ಮನೆಯವರೆಲ್ಲ ರಕ್ತ ಕೊಟ್ಟರು, ಯಾರಿಗೂ ಇರಲಿಲ್ಲ. ನಮ್ಮ ಮನೆಯಲ್ಲಿ ಹಾಲು ಉಕ್ಕಿಸದೆ ಕುಡಿದವರಿಲ್ಲ. ಸಂಘದಲ್ಲಿ ಹಸಿ ಹಾಲನ್ನು ನಾಲಿಗೆಗೆ ಬಿಟ್ಟು ರುಚಿ ನೋಡುತ್ತಿದ್ದವಳು ನಾನೊಬ್ಬಳೇ. ಈಗ ನಿಲ್ಲಿಸಿದ್ದೇನೆ, ಮೂಗಿನಿಂದಲೇ ತಿಳಿಯುತ್ತದೆ. ಆದರೂ ನನಗೆ ಅಂಟಿದ್ದು ಆ ರಾತ್ರಿ ಕೈಯಿಂದಲೇ ಎಂದು ನನ್ನ ತೀರ್ಮಾನ.

ದೊಡ್ಡ ಹಸುವಿನ ರಕ್ತದಲ್ಲೂ ಕಂದುರೋಗ ಬಂತು. ದನಕ್ಕೆ ಇದು ವಾಸಿಯಾಗುವುದಿಲ್ಲ. ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಡು ಎಂದು ಹೇಳಿದವರು ಕಡಿಮೆಯಿಲ್ಲ, ನಲವತ್ತು ಸಾವಿರಕ್ಕೆ ಕೇಳಿದ್ದರು ಕೂಡ. ಇನ್ನೊಬ್ಬಳ ಕೊಟ್ಟಿಗೆಗೆ ಇದನ್ನು ಕಟ್ಟಿಕೊಡಲು ನನ್ನಿಂದ ಆಗಲಿಲ್ಲ. ಗದ್ದೆಯ ಚಪ್ಪರದಲ್ಲಿ ಬೇರೆ ಕಟ್ಟಿದ್ದೇವೆ, ಮತ್ತೆ ಗಬ್ಬ ಕಟ್ಟಿಸಿಲ್ಲ. ತಿಂಗಳಿಗೆ ಎರಡು ಸಾವಿರದಷ್ಟು ಮೇವು ದಂಡ. ಅತ್ತೆಯವರು ನನಗಾಗಿ ಮುತ್ತತ್ತಿರಾಯನಿಗೆ ಹೊತ್ತ ಹರಕೆಯನ್ನೂ ತೀರಿಸಿ ಬಂದೆವು. ಅವರ ಕಣ್ಣಿನಲ್ಲಿ ನೀರು ಬಂದದ್ದನ್ನು ನಾನು ಮರೆಯುವುದಿಲ್ಲ.

ಕಳೆದ ಸಲ ರಕ್ತ ನೋಡಿದಾಗ 1:80ಕ್ಕೆ ಇಳಿದಿತ್ತು. ತೂಕ 56. ಸಂಘದ ಬೀರುವಿನಲ್ಲಿ ಲ್ಯಾಕ್ಟೋಮೀಟರ್ ಪಕ್ಕ ಭುಜದವರೆಗೆ ಬರುವ ಕೈಚೀಲಗಳ ಒಂದು ಕಟ್ಟು ಇಟ್ಟಿದ್ದೇನೆ, ಹಸು ಈಯುವಾಗ ಯಾರು ಬೇಕಾದರೂ ಒಯ್ಯಬಹುದು. ಚಿಕ್ಕ ಹಸು ಹೆಣ್ಣುಕರು ಹಾಕಿದೆ. ನಾಲ್ಕು ತಿಂಗಳು ತುಂಬಿದ ವಾರವೇ ಲಸಿಕೆ ಹಾಕಿಸಿ, ತಾರೀಖನ್ನು ಷರಾದಲ್ಲಿ ಬರೆದಿದ್ದೇನೆ.